ಬಜೆಟ್ಟಿಗೊಗ್ಗುವ ವ್ಯಾಕ್ಯೂಮ್ ಕ್ಲೀನರ್: ಅಟ್ಟ ಸೇರದಂತೆ ಆರಿಸುವುದು ಹೇಗೆ?

ಮುಂಬಯಿ: ನವರಾತ್ರಿ ಬಂತೆಂದರೆ ಮಹಾನಗರದ ಮನೆಮನೆಗಳಲ್ಲಿ ಅಟ್ಟದ ಪಾತ್ರೆಗಳು ಕೆಳಗಿಳಿಯುತ್ತವೆ, ಪರದೆಗಳು ಒಗೆತಕ್ಕೆ ಬೀಳುತ್ತವೆ, ಫ್ಯಾನಿನ ರೆಕ್ಕೆಗಳ ಮೇಲಿನ ಕಪ್ಪು ಜಿಡ್ಡನ್ನು ಒರೆಸುವ ಕೆಲಸ ಶುರುವಾಗುತ್ತದೆ. ಅದೇ ಹೊತ್ತಿಗೆ ದೀಪಾವಳಿ ರಿಯಾಯಿತಿಯ ಜಾಹೀರಾತುಗಳೂ ಬರುತ್ತವೆ. ಊರಿನಲ್ಲಿ ಹಿಡಿಸೂಡಿ, ಪೊರಕೆ, ಕಸಬರಿಗೆ ಎಂದು ಒಂದೊಂದು ಸೀಮೆಗೆ ಒಂದೊಂದು ಹೆಸರಿರುವ, ಮುಂಬಯಿಗೆ ಬಂದ ಮೇಲೆ ಎಲ್ಲರ ಬಾಯಲ್ಲೂ ‘ಝಾಡೂ’ ಆಗಿಬಿಟ್ಟಿರುವ ಸಾಧನದ ಜತೆಗೆ ಒಂದು ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೇಗೆ ಎಂಬ ಮಾತು ಗೃಹಿಣಿಯರಲ್ಲಿ ಏಳುವುದೂ ಆಗಲೇ.

ಯಂತ್ರ ಹೊಸದೇನಲ್ಲ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಧೂಳನ್ನು ಊದಿ ಹಾರಿಸುವ ಬದಲು ಹೀರಿಕೊಳ್ಳುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಅದು ಎಷ್ಟು ದೊಡ್ಡದಿತ್ತೆಂದರೆ ಕುದುರೆ ಗಾಡಿಯಲ್ಲಿ ಬಂದು ಬೀದಿಯಲ್ಲಿ ನಿಲ್ಲುತ್ತಿತ್ತು, ಕೊಳವೆಗಳು ಮಾತ್ರ ಕಿಟಕಿಯ ಮೂಲಕ ಮನೆಯೊಳಗೆ ಹೋಗುತ್ತಿದ್ದವು. ಮನೆಯಲ್ಲಿ ಕೈಯಿಂದ ತಳ್ಳಬಹುದಾದ ವಿದ್ಯುತ್ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಓಹಿಯೋ ರಾಜ್ಯದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಅವರು ಒಂದು ಮಳಿಗೆಯ ಕಸ ಗುಡಿಸುವ ನೌಕರ, ಮೇಲಾಗಿ ಆಸ್ತಮಾ ರೋಗಿ. ಗುಡಿಸುವಾಗ ಏಳುವ ಧೂಳು ತಾಳಲಾರದೆ ಮಾಡಿಕೊಂಡ ಉಪಾಯವದು. ಆ ಪೇಟೆಂಟನ್ನು ಕೊಂಡ ಹೂವರ್ ಮನೆತನದ ಹೆಸರೇ ಮುಂದೆ ಇಂಗ್ಲೆಂಡಿನಲ್ಲಿ ಯಂತ್ರದ ಹೆಸರಾಯಿತು. ಭಾರತದಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯ ಟೈ ಕಟ್ಟಿದ ಯುವಕರು ಮನೆಯ ಗಂಟೆ ಬಾರಿಸಿ, ಹಾಸಿಗೆಯಿಂದ ಬಂದ ಧೂಳನ್ನು ಬಿಳಿ ಬಟ್ಟೆಯ ಮೇಲೆ ಸುರಿದು ತೋರಿಸುತ್ತಿದ್ದುದು ಹಳೆಯ ಮುಂಬಯಿಗರಿಗೆ ನೆನಪಿದ್ದೀತು. ಆಗ ಕಂತಿನಲ್ಲಿ ಕೊಂಡ ಎಷ್ಟೋ ಯಂತ್ರಗಳು ಎರಡು ವರ್ಷದೊಳಗೆ ‘ಮಾಳಾ’ ಸೇರಿ, ಮದುವೆಯ ಸೂಟ್‌ಕೇಸಿನ ಪಕ್ಕದಲ್ಲಿ ಕುಳಿತವು. ಯಂತ್ರ ಕೆಟ್ಟಿದ್ದಕ್ಕಿಂತ, ಅದನ್ನು ಇಳಿಸಿ, ಕೊಳವೆ ಜೋಡಿಸಿ, ಮತ್ತೆ ಏರಿಸುವ ರಗಳೆಗೆ ಬೇಸತ್ತು ಬಿಟ್ಟವರೇ ಹೆಚ್ಚು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲೇ ನೋಡಬೇಕಾದ ಮೊದಲ ವಿಷಯ ಜಾಗ. ಕಪಾಟಿನ ಕೆಳಗೋ ಬಾಗಿಲ ಹಿಂದೆಯೋ, ಬಗ್ಗದೆ ಕೈಗೆ ಸಿಗುವ ಒಂದು ಮೂಲೆ ಯಂತ್ರಕ್ಕೆ ಮೀಸಲಿಡಲು ಸಾಧ್ಯವಿಲ್ಲವೆಂದಾದರೆ ದೊಡ್ಡ ಯಂತ್ರ ಕೊಳ್ಳದಿರುವುದೇ ಲೇಸು. ಎರಡನೆಯದು, ಅದನ್ನು ನಡೆಸುವವರು ಯಾರು? ಮನೆಗೆಲಸದ ಬಾಯಿ ಬರುವ ಮನೆಯಲ್ಲಿ ಅವಳಿಗೂ ಒಗ್ಗಬೇಕು. ಮೂರು ಮನೆ ಮುಗಿಸಿ ಬರುವವಳಿಗೆ ಏಳೆಂಟು ಕಿಲೋದ ಯಂತ್ರ ಎಳೆದಾಡಲು ಪುರುಸೊತ್ತಿರುವುದಿಲ್ಲ.

ಇನ್ನು ಯಂತ್ರ ಯಾತಕ್ಕೆ ಬೇಕು ಎಂಬ ಪ್ರಶ್ನೆ. ಹೊರದೇಶಗಳಲ್ಲಿ ಅದು ಗೋಡೆಯಿಂದ ಗೋಡೆಗೆ ಹಾಸಿದ ಕಾರ್ಪೆಟ್ಟಿಗಾಗಿ ಬೆಳೆದ ಸಾಧನ. ಇಲ್ಲಿಯ ಮನೆಗಳ ನೆಲ ಟೈಲ್ಸ್ ಇಲ್ಲವೆ ಮೊಸಾಯಿಕ್. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಂಥ ನೆಲದ ಧೂಳು ಚೆನ್ನಾಗಿಯೇ ಹೋಗುತ್ತದೆ, ಅದಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಯಂತ್ರದ ನಿಜವಾದ ಉಪಯೋಗ ಪೊರಕೆ ತಲುಪದ ಕಡೆ: ಹಾಸಿಗೆ, ಸೋಫಾ, ಕಿಟಕಿಯ ಸ್ಲೈಡಿಂಗ್ ಸಂದು, ಜಾಲರಿ, ಪುಸ್ತಕದ ಕಪಾಟು, ಮಂಚದಡಿಯ ಪೆಟ್ಟಿಗೆ. ಪಕ್ಕದ ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ ಹೋದ ಮನೆಗಳಲ್ಲಂತೂ ಬೆಳಗ್ಗೆ ಒರೆಸಿದ ಜಾಗ ಸಂಜೆಗೆ ಮತ್ತೆ ಬೂದು ಬಣ್ಣಕ್ಕೆ ತಿರುಗಿರುತ್ತದೆ.

ಮನೆಯಲ್ಲಿ ಆಸ್ತಮಾ ಅಥವಾ ಅಲರ್ಜಿಯಿರುವ ಮಗುವೋ ಹಿರಿಯರೋ ಇದ್ದರೆ ಲೆಕ್ಕವೇ ಬೇರೆ. ಹಾಸಿಗೆ, ದಿಂಬುಗಳಲ್ಲಿ ಕಣ್ಣಿಗೆ ಕಾಣದ ಧೂಳಿನ ನುಸಿಗಳಿರುತ್ತವೆ. ಉದುರಿದ ಚರ್ಮದ ಪುಡಿಯೇ ಅವುಗಳ ಆಹಾರ, ಗಾಳಿಯ ತೇವವೇ ನೀರು. ಕಡಲ ತೀರದ ಮುಂಬಯಿ ಅವುಗಳಿಗೆ ಹೇಳಿ ಮಾಡಿಸಿದ ಊರು. ಉಸಿರಿಗೆ ತೊಂದರೆ ಕೊಡುವುದು ಮುಖ್ಯವಾಗಿ ಅವುಗಳ ಹಿಕ್ಕೆ. ಯಂತ್ರ ಮೇಲ್ಪದರದ ಈ ಧೂಳನ್ನು ತೆಗೆಯುತ್ತದೆ, ಆದರೆ ನೂಲಿಗೆ ಕಚ್ಚಿಕೊಂಡ ಜೀವಂತ ನುಸಿಗಳು ಹೆಚ್ಚಿನವು ಅಲ್ಲೇ ಉಳಿಯುತ್ತವೆ. ಅವು ಸಾಯಲು ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಬೇಕು, ಹಾಸಿಗೆಗೆ ಒತ್ತು ನೇಯ್ಗೆಯ ಮುಚ್ಚುಚೀಲ ಹಾಕಬೇಕು. ಯಂತ್ರ ತಂದೆವೆಂದು ಇನ್‌ಹೇಲರ್ ಬದಿಗಿಡುವಂತಿಲ್ಲ. ಮಾರಾಟಗಾರರ ಮಾತು ಕೇಳಿ ಹಾಗೆ ನಂಬುವವರಿರುವುದರಿಂದ ಇಷ್ಟನ್ನು ಒತ್ತಿ ಹೇಳಬೇಕಾಗಿದೆ. ಯಂತ್ರ ನಡೆಸುವಾಗ ರೋಗಿ ಆ ಕೋಣೆಯಲ್ಲಿರಬಾರದು, ಮುಗಿದ ಮೇಲೂ ಅರ್ಧ ಗಂಟೆ ಕಿಟಕಿ ತೆರೆದಿಟ್ಟು ಬಳಿಕ ಒಳಗೆ ಬಂದರೆ ಒಳ್ಳೆಯದು.

ಇಂಥ ಮನೆಗಳಿಗೆ ಹೀರುವ ಶಕ್ತಿಗಿಂತ ಸೋಸುವ ಶಕ್ತಿ ಮುಖ್ಯ. ಯಂತ್ರ ಮುಂದಿನಿಂದ ಹೀರಿದ ಗಾಳಿಯನ್ನು ಹಿಂದಿನಿಂದ ಬಿಡಲೇಬೇಕು. ಮಾಮೂಲಿ ಬಟ್ಟೆಯ ಚೀಲವಾದರೆ ದಪ್ಪ ಕಸ ಒಳಗುಳಿದು, ಅತಿ ನುಣ್ಣನೆಯ ಧೂಳು ಮತ್ತೆ ಕೋಣೆಗೇ ಬರುತ್ತದೆ. ‘ಹೆಪಾ’ ಫಿಲ್ಟರ್ ಇದಕ್ಕಾಗಿಯೇ ಇದೆ. ಅಮೆರಿಕದ ಮಾನದಂಡದಂತೆ ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ 99.97 ಶೇಕಡಾ ತಡೆಯಬೇಕು. ಡಬ್ಬದ ಮೇಲೆ ‘ಹೆಪಾ ಮಾದರಿಯ’ ಎಂದಷ್ಟೇ ಬರೆದಿದ್ದರೆ ಆ ಮಾತಿಗೆ ಯಾವ ಮಾನದಂಡದ ಬೆಂಬಲವೂ ಇಲ್ಲ. ಫಿಲ್ಟರ್ ಅಸಲಿಯಾಗಿದ್ದು ಯಂತ್ರದ ಮೈಯ ಜೋಡಣೆಯೇ ಸಡಿಲವಾಗಿದ್ದರೂ ಫಲ ಅಷ್ಟಕ್ಕಷ್ಟೆ. ಅಂಗಡಿಯಲ್ಲಿ ಯಂತ್ರ ಚಾಲೂ ಮಾಡಿಸಿ, ಮುಚ್ಚಳದ ಸುತ್ತ ಕೈ ಆಡಿಸಿ ಗಾಳಿ ಸೋರುತ್ತಿದೆಯೇ ನೋಡುವುದಕ್ಕೆ ಸಂಕೋಚ ಬೇಕಿಲ್ಲ.

ವ್ಯಾಟ್ ಸಂಖ್ಯೆ ಹೆಚ್ಚಿದ್ದಷ್ಟೂ ಯಂತ್ರ ಒಳ್ಳೆಯದೆಂಬ ಭಾವನೆ ಬಹಳ ಜನರಲ್ಲಿದೆ. ವ್ಯಾಟ್ ಎಂದರೆ ಯಂತ್ರ ತಿನ್ನುವ ವಿದ್ಯುತ್ತು, ಮಾಡುವ ಕೆಲಸವಲ್ಲ. ಯುರೋಪಿಯನ್ ಒಕ್ಕೂಟ 2014ರ ಸೆಪ್ಟೆಂಬರಿನಿಂದ 1,600 ವ್ಯಾಟಿಗೂ 2017ರ ಸೆಪ್ಟೆಂಬರಿನಿಂದ 900 ವ್ಯಾಟಿಗೂ ಮಿತಿ ಹಾಕಿದಾಗ ಅಲ್ಲಿಯ ಮನೆಗಳೇನೂ ಕೊಳೆಯಾಗಲಿಲ್ಲ, ತಯಾರಕರು ಮೂತಿ ಮತ್ತು ಗಾಳಿಯ ದಾರಿಯನ್ನು ಸುಧಾರಿಸಿದರು. ಡಬ್ಬದ ಮೇಲೆ ಕಿಲೋಪಾಸ್ಕಲ್‌ನಲ್ಲಿ ಹೀರುವ ಒತ್ತಡ ಬರೆದಿದ್ದರೆ ಹೋಲಿಕೆಗೆ ಅದು ವ್ಯಾಟಿಗಿಂತ ಮೇಲು. ವ್ಯಾಟ್ ನೋಡಬೇಕಾದದ್ದು ಪ್ಲಗ್ಗಿನ ದೃಷ್ಟಿಯಿಂದ. 1,400 ವ್ಯಾಟಿನ ಯಂತ್ರ 230 ವೋಲ್ಟಿನಲ್ಲಿ ಆರು ಆಂಪಿಯರಿಗಿಂತ ತುಸು ಹೆಚ್ಚೇ ಎಳೆಯುತ್ತದೆ. ಹಳೆಯ ಕಟ್ಟಡಗಳ ಹಾಲಿನಲ್ಲಿರುವ ಸಣ್ಣ ಪಾಯಿಂಟಿಗೆ, ಅದರಲ್ಲೂ ಟಿವಿಯ ಎಕ್ಸ್‌ಟೆನ್ಶನ್ ಬೋರ್ಡಿಗೆ ಅದನ್ನು ಸಿಕ್ಕಿಸುವುದು ಅಪಾಯಕರ. ಗೀಸರ್, ಫ್ರಿಜ್ಜಿನ ದೊಡ್ಡ ಪಾಯಿಂಟ್ ಎಲ್ಲಿದೆ, ಅಲ್ಲಿಂದ ಮಲಗುವ ಕೋಣೆಗೆ ವಯರು ಮುಟ್ಟುತ್ತದೆಯೇ ಎಂದು ಮೊದಲೇ ಅಳೆದುಕೊಳ್ಳಬೇಕು. ಕರೆಂಟ್ ಬಿಲ್ಲಿನ ಭಯ ಮಾತ್ರ ಬೇಡ: 1,200 ವ್ಯಾಟಿನ ಯಂತ್ರವನ್ನು ವಾರಕ್ಕೆರಡು ಸಲ ಕಾಲು ಗಂಟೆಯಂತೆ ನಡೆಸಿದರೂ ತಿಂಗಳಿಗೆ ಮೂರು ಯೂನಿಟ್ ದಾಟುವುದಿಲ್ಲ.

ಬೆಲೆಯ ವಿಷಯಕ್ಕೆ ಬಂದರೆ, ವಯರಿರುವ ಸಣ್ಣ ಕೈಯಂತ್ರಗಳು ಸುಮಾರು ಎರಡು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತವೆ. ಚಕ್ರದ ಮೇಲೆ ಎಳೆದೊಯ್ಯುವ ಡಬ್ಬಿಯಂಥವು ಮೂರರಿಂದ ಆರು ಸಾವಿರ, ನೀರನ್ನೂ ಹೀರುವಂಥವು ಸಾಧಾರಣವಾಗಿ ಅದಕ್ಕಿಂತ ಒಂದೆರಡು ಸಾವಿರ ಮೇಲೆ. ಬ್ಯಾಟರಿಯವು ಹಗುರ, ಗೋಡೆಗೆ ನೇತುಹಾಕಬಹುದು, ಮೆಟ್ಟಿಲಿಗೂ ಕಾರಿಗೂ ಒಯ್ಯಬಹುದು. ಆದರೆ ಅಗ್ಗದವುಗಳಲ್ಲಿ ಪೂರ್ಣ ಶಕ್ತಿಯಲ್ಲಿ ಓಡುವ ಸಮಯ ಬಹಳ ಕಡಿಮೆ, ಕೆಲವು ವರ್ಷಗಳಲ್ಲಿ ಬ್ಯಾಟರಿ ಸೊರಗುವುದೂ ಖಚಿತ. ಬ್ಯಾಟರಿ ಬಿಡಿಯಾಗಿ ಸಿಗದಿದ್ದರೆ ಯಂತ್ರವೇ ಕಸ. ತಾನೇ ಓಡಾಡುವ ರೋಬೋ ಯಂತ್ರದ ಮಾತು ಹತ್ತು ಸಾವಿರದೊಳಗಿನ ಬಜೆಟ್ಟಿಗೆ ಸಲ್ಲದು. ರಾತ್ರಿ ಚಾಪೆ ಹಾಸಿ ಮಲಗುವ, ಹೊಸ್ತಿಲಿರುವ, ನೆಲದ ಮೇಲೆ ಚಾರ್ಜರ್ ವಯರುಗಳು ಹರಡಿರುವ ಮನೆಯಲ್ಲಿ ಅದಕ್ಕೆ ಓಡಾಡಲು ದಾರಿಯಾದರೂ ಎಲ್ಲಿ? ಮೂರು ಸಾವಿರವಷ್ಟೇ ಕೈಯಲ್ಲಿದ್ದು ಮನೆ ಒಂದೇ ಕೋಣೆಯದಾಗಿದ್ದರೆ ಒಳ್ಳೆಯ ಕೈಯಂತ್ರ ಮತ್ತು ಒದ್ದೆ ಬಟ್ಟೆ ಸಾಕು. ಐದು ಸಾವಿರದವರೆಗೆ ಬಜೆಟ್ ಇದ್ದು ಹಾಸಿಗೆ, ಸೋಫಾಗಳಿರುವ ಒಂದು ಬೆಡ್‌ರೂಮಿನ ಮನೆಗೆ ಡಬ್ಬಿ ಯಂತ್ರವೇ ಹೆಚ್ಚು ಹೊಂದುತ್ತದೆ. ಅಂದಹಾಗೆ ಈ ಯಂತ್ರಗಳ ಮೇಲಿನ ಜಿಎಸ್‌ಟಿಯನ್ನು 2018ರ ಜುಲೈಯಲ್ಲಿ 28ರಿಂದ 18 ಶೇಕಡಾಕ್ಕೆ ಇಳಿಸಲಾಯಿತು. ಎಂಆರ್‌ಪಿ ಎಂದರೆ ತೆರಿಗೆ ಸೇರಿದ ಬೆಲೆ. ಅದರ ಮೇಲೆ ಮತ್ತೆ ತೆರಿಗೆ ಕೇಳುವ ಅಂಗಡಿಯಿಂದ ಎದ್ದು ಬರಬಹುದು.

ಬಜೆಟ್ ತಪ್ಪುವುದು ಹೆಚ್ಚಾಗಿ ಕೊಂಡ ಮೇಲೆಯೇ. ಚೀಲದ ಯಂತ್ರದಲ್ಲಿ ಧೂಳು ಮುಚ್ಚಿಕೊಂಡೇ ಹೊರಗೆ ಹೋಗುತ್ತದೆ, ಅಲರ್ಜಿಯ ಮನೆಗೆ ಅದು ಅನುಕೂಲ. ಆದರೆ ಕಾಗದದ ಚೀಲ ತಿಂಗಳಿಗೊಂದು, ನೂರು ರೂಪಾಯಿ ಎಂದು ಹಿಡಿದರೂ ಐದು ವರ್ಷಕ್ಕೆ ಆರು ಸಾವಿರ. ನಾಲ್ಕು ಸಾವಿರದ ಯಂತ್ರಕ್ಕೆ ಮೂಗಿಗಿಂತ ಮೂಗುತಿ ಭಾರ! ಒಗೆದು ಮತ್ತೆ ಹಾಕುವ ಬಟ್ಟೆ ಚೀಲ ಜತೆಗೆ ಬರುತ್ತದೆಯೇ ಎಂದು ಕೇಳಬೇಕು. ಚೀಲವಿಲ್ಲದ ಡಬ್ಬಿಯಲ್ಲಿ ಆ ಖರ್ಚಿಲ್ಲ, ಬದಲಿಗೆ ಸುರಿಯುವಾಗ ಧೂಳೇಳುತ್ತದೆ, ಫಿಲ್ಟರನ್ನು ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಹಾಕಬೇಕು. ಮಳೆಗಾಲದ ಮುಂಬಯಿಯಲ್ಲಿ ಅದು ಒಣಗಲು ಎರಡು ದಿನವೂ ಬೇಕಾದೀತು, ಆದ್ದರಿಂದ ಇನ್ನೊಂದು ಫಿಲ್ಟರ್ ಸಿಗುವುದೇ ಎಂಬುದು ಮುಖ್ಯ. ಆನ್‌ಲೈನಿನಲ್ಲಿ ಐನೂರು ರೂಪಾಯಿ ಕಡಿಮೆಗೆ ಸಿಕ್ಕ ಹೊಸ ಹೆಸರಿನ ಯಂತ್ರಕ್ಕೆ ಥಾಣೆಯಲ್ಲೋ ಬೊರಿವಲಿಯಲ್ಲೋ ಸರ್ವೀಸ್ ಸೆಂಟರ್ ಇಲ್ಲವಾದರೆ ಆ ಉಳಿತಾಯಕ್ಕೆ ಅರ್ಥವಿಲ್ಲ. ಮಾಮೂಲಿ ಯಂತ್ರಗಳ ಮೋಟಾರಿನಲ್ಲಿ ಕಾಲಕ್ರಮೇಣ ಸವೆಯುವ ಕಾರ್ಬನ್ ಬ್ರಶ್ ಸಣ್ಣ ಭಾಗ. ಅದನ್ನು ಬದಲಿಸಿದರೆ ಸತ್ತಂತಿದ್ದ ಎಷ್ಟೋ ಹಳೆಯ ಯಂತ್ರಗಳು ಮತ್ತೆ ಓಡುತ್ತವೆ. ಅಟ್ಟದಲ್ಲಿ ಹಳೆಯದೊಂದಿದ್ದರೆ ಹೊಸದಕ್ಕೆ ಹಣ ತೆಗೆಯುವ ಮುನ್ನ ಅದನ್ನೊಮ್ಮೆ ಮೆಕ್ಯಾನಿಕ್‌ಗೆ ತೋರಿಸುವುದು ಜಾಣತನ.

ಯಂತ್ರ ಬೇಗ ಹಾಳಾಗುವುದು ತಿನ್ನಬಾರದ್ದನ್ನು ತಿನ್ನಿಸಿದಾಗ. ಬಾಗಿಲ ಮುಂದಿನ ರಂಗೋಲಿ ಪುಡಿ, ಗೋಡೆ ಉಜ್ಜಿದ ಪುಟ್ಟಿ, ಸಿಮೆಂಟ್ ಧೂಳು ಇವು ಫಿಲ್ಟರಿನ ರಂಧ್ರಗಳನ್ನು ಕಟ್ಟಿಬಿಡುತ್ತವೆ, ಗಾಳಿ ಸಿಗದೆ ಮೋಟಾರು ಕಾಯುತ್ತದೆ. ಊದುಬತ್ತಿ, ಧೂಪದ ಬೂದಿಯಲ್ಲಿ ಒಂದು ಕಿಡಿ ಉಳಿದಿದ್ದರೂ ಚೀಲಕ್ಕೆ ಬೆಂಕಿ ಹತ್ತೀತು. ಒಣ ಕಸದ ಯಂತ್ರಕ್ಕೆ ನೀರು ಹೋದರೆ ಶಾಕ್ ಹೊಡೆಯುವ ಭಯ. ಮಳೆಗಾಲದಲ್ಲಿ ಕಿಟಕಿಯಿಂದ ನೀರು ಬರುವ ಮನೆಯವರು, ನೆಲ ಅಂತಸ್ತಿನವರು ನೀರು ಹೀರುವ ಯಂತ್ರಕ್ಕೇ ಸ್ವಲ್ಪ ಹೆಚ್ಚು ಕೊಡುವುದು ಲಾಭ.

ಸಂಘ-ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ವರ್ಷಕ್ಕೆ ಹಲವು ಬಾರಿ ಹಾಸುವ ಜಮಖಾನ, ವೇದಿಕೆಯ ಪರದೆ, ಗ್ರಂಥಾಲಯದಲ್ಲಿ ಯಾರೂ ಮುಟ್ಟದ ಮೇಲಿನ ಸಾಲು ಇವುಗಳ ಧೂಳು ತೆಗೆಯಲು ದೊಡ್ಡ ಡಬ್ಬಿ ಯಂತ್ರವೊಂದು ಕಚೇರಿಯಲ್ಲಿದ್ದರೆ ಸದಸ್ಯರು ಹಬ್ಬಕ್ಕೆ ಮುನ್ನ ಸರದಿಯಲ್ಲಿ ಮನೆಗೂ ಒಯ್ಯಬಹುದು. ಹಳೆಯ ಪುಸ್ತಕಗಳಿಗೆ ಮೃದು ಕೂದಲಿನ ಬ್ರಶ್ ಮೂತಿ ಬೇಕು, ಶಕ್ತಿ ತಗ್ಗಿಸುವ ಗುಂಡಿಯೂ ಬೇಕು. ಯಕ್ಷಗಾನದ ವೇಷಭೂಷಣಗಳನ್ನು ಇಟ್ಟುಕೊಂಡಿರುವ ಮಂಡಳಿಗಳು ಮೂತಿಗೆ ತೆಳ್ಳನೆಯ ಬಲೆಬಟ್ಟೆ ಬಿಗಿದು ನಡೆಸಿದರೆ ಧೂಳು ಹೋಗಿ ಮಣಿ, ಕನ್ನಡಿ ಚೂರುಗಳು ಉಳಿಯುತ್ತವೆ. ನಾಲ್ಕು ನೆರೆಮನೆಯವರು ಸೇರಿ ಒಂದು ಯಂತ್ರ ಕೊಳ್ಳುವುದಾದರೆ ಚೀಲ, ಫಿಲ್ಟರಿನ ಖರ್ಚು ಯಾರದು, ಯಂತ್ರ ಇರುವುದು ಯಾರ ಮನೆಯಲ್ಲಿ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಖರೀದಿಗೆ ಹೊರಡುವವರು ಬಿಲ್ಲು ಮತ್ತು ಅಂಗಡಿಯ ಮೊಹರು ಬಿದ್ದ ವಾರಂಟಿ ಕಾರ್ಡು ಕೇಳಿ ಪಡೆಯಬೇಕು. ಮೋಟಾರಿನ ವಾರಂಟಿ ಎಷ್ಟು, ಕೊಳವೆಗೆ ಅದು ಅನ್ವಯಿಸುತ್ತದೆಯೇ ಎಂದು ಅಲ್ಲಿಯೇ ಓದಿಕೊಳ್ಳಬೇಕು. ಮೊದಲು ಬಿರುಕು ಬಿಡುವುದು ಸಾಮಾನ್ಯವಾಗಿ ಕೊಳವೆಯೇ. ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.