ನೀರಿಗಾಗಿ ಕಾದಿರುವ ಉಂಡೆ

ಅಡುಗೆ ಸೋಡಾ ಮತ್ತು ನಿಂಬೆ ಉಪ್ಪನ್ನು ಒಣದಾಗಿಯೇ ಬೆರೆಸಿ, ಅಚ್ಚಿನಲ್ಲಿ ಒತ್ತಿ ಗಟ್ಟಿ ಮಾಡಿದ ಉಂಡೆಯೇ ಬಾತ್ ಬಾಂಬ್. ಸ್ನಾನದ ಬಿಸಿನೀರಿಗೆ ಬಿದ್ದ ಕೂಡಲೇ ಅದು ಬುಸುಗುಟ್ಟುತ್ತ ನೊರೆಯೇಳುತ್ತದೆ. ಕೆಲವೇ ನಿಮಿಷಗಳಲ್ಲಿ ಪೂರ್ತಿ ಕರಗಿ, ಒಳಗಿದ್ದ ಎಣ್ಣೆ, ಪರಿಮಳ, ಬಣ್ಣಗಳನ್ನು ನೀರಿಗೆ ಬಿಟ್ಟುಕೊಡುತ್ತದೆ. ಮನೆಯಲ್ಲಿ ಮಾಡಲು ಒಲೆ ಬೇಡ, ಯಂತ್ರ ಬೇಡ. ಸಾಮಗ್ರಿಯ ಮುಕ್ಕಾಲು ಪಾಲು ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಆದರೂ ಮೊದಲ ಸಲ ಮಾಡಿದವರ ಉಂಡೆ ಬಹುಪಾಲು ಕೆಡುತ್ತದೆ. ಉಂಡೆ ಕಟ್ಟಲು ಒಂದಿಷ್ಟು ತೇವ ಬೇಕು, ಆ ತೇವ ಒಂದು ಹನಿ ಹೆಚ್ಚಾದರೂ ಬುರುಗು ಬಟ್ಟಲಲ್ಲೇ ಎದ್ದುಬಿಡುತ್ತದೆ. ತಯಾರಿಕೆಯ ಪ್ರತಿ ಹಂತವೂ ನೀರನ್ನು ಸ್ನಾನದ ಹೊತ್ತಿನವರೆಗೆ ದೂರವಿಡುವ ಪ್ರಯತ್ನವೇ ಆಗಿದೆ.

ಈಗ ಎಲ್ಲೆಡೆ ಕಾಣುವ ಬಾತ್ ಬಾಂಬ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಡಾರ್ಸೆಟ್ ಸೀಮೆಯ ಪೂಲ್ ಪಟ್ಟಣದ ಮೋ ಕಾನ್‌ಸ್ಟಂಟೈನ್ 1989ರಲ್ಲಿ ತಮ್ಮ ಮನೆಯ ಹಿತ್ತಲಿನ ಶೆಡ್ಡಿನಲ್ಲಿ ಇದನ್ನು ರೂಪಿಸಿದರು. ಅವರಿಗೆ ಹೊಳಹು ಕೊಟ್ಟದ್ದು ಅಲ್ಕಾ-ಸೆಲ್ಟ್ಜರ್, ಅಂದರೆ ಅಮೆರಿಕದಲ್ಲಿ 1931ರಿಂದ ಮಾರಾಟದಲ್ಲಿದ್ದ, ನೀರಿಗೆ ಹಾಕಿದರೆ ಬುರುಗೇಳುವ ಮಾತ್ರೆ. 1995ರಲ್ಲಿ ಶುರುವಾದ ಲಷ್ ಕಂಪನಿಯ ಸ್ಥಾಪಕರಲ್ಲಿ ಅವರೂ ಒಬ್ಬರು. ಆ ಕಂಪನಿಯ ಅಂಗಡಿಗಳಿಂದಲೇ ಈ ಉಂಡೆ ಲೋಕವೆಲ್ಲ ಹರಡಿತು. ಇದರ ಹಿಂದಿನ ತತ್ವ ಇನ್ನೂ ಹಳೆಯದು. ದಿಢೀರ್ ರವೆ ಇಡ್ಲಿ ಉಬ್ಬಲೆಂದು ಕನ್ನಡದ ಅಡುಗೆಮನೆಗಳಲ್ಲಿ ಬಳಸುವ ಈನೋ ಪುಡಿಯಲ್ಲಿ ಇರುವುದೂ ಇದೇ ಸೋಡಾ, ಇದೇ ನಿಂಬೆ ಉಪ್ಪು. ಇಡ್ಲಿ ಹಿಟ್ಟಿಗೆ ಈನೋ ಹಾಕಿದ ಮೇಲೆ ತಡ ಮಾಡಬಾರದು ಎಂದು ಬಲ್ಲವರಿಗೆ ಬಾತ್ ಬಾಂಬಿನ ಅರ್ಧ ವಿಜ್ಞಾನ ಆಗಲೇ ತಿಳಿದಿದೆ.

ಅಡುಗೆ ಸೋಡಾ ಸೋಡಿಯಂ ಬೈಕಾರ್ಬೊನೇಟ್. ನಿಂಬೆ ಉಪ್ಪು ಸಿಟ್ರಿಕ್ ಆಮ್ಲ. ಸ್ವೀಡನ್ನಿನ ರಸಾಯನಜ್ಞ ಕಾರ್ಲ್ ವಿಲ್ಹೆಲ್ಮ್ ಶೀಲೆ 1784ರಲ್ಲಿ ಈ ಆಮ್ಲವನ್ನು ನಿಂಬೆರಸದಿಂದ ಹರಳಾಗಿ ಬೇರ್ಪಡಿಸಿದ. ಇಂದು ಅಂಗಡಿಗೆ ಬರುವ ನಿಂಬೆ ಉಪ್ಪಿಗೂ ನಿಂಬೆಹಣ್ಣಿಗೂ ಸಂಬಂಧವಿಲ್ಲ. ಹಳೆಯ ಈರುಳ್ಳಿಯ ಸಿಪ್ಪೆಯ ಮೇಲೆ ಕಪ್ಪಾಗಿ ಕಾಣುವ ಬೂಷ್ಟು, ಆಸ್ಪರ್ಜಿಲಸ್ ನೈಜರ್, ಸಕ್ಕರೆಯನ್ನು ಉಂಡು ಈ ಆಮ್ಲವನ್ನು ಕೊಡುತ್ತದೆ. ಜೇಮ್ಸ್ ಕರಿ 1917ರಲ್ಲಿ ಇದನ್ನು ತೋರಿಸಿಕೊಟ್ಟ ಮೇಲೆ ಕಾರ್ಖಾನೆಗಳು ಬೂಷ್ಟಿನ ದಾರಿ ಹಿಡಿದವು. ಒಣಗಿರುವಾಗ ಸೋಡಾ ಮತ್ತು ಆಮ್ಲ ಎರಡೂ ಹರಳುಗಳಾಗಿ ಅಕ್ಕಪಕ್ಕ ಸುಮ್ಮನಿರುತ್ತವೆ. ನೀರು ತಾಗಿದಾಗ ಎರಡೂ ಕರಗಿ, ಒಂದಕ್ಕೊಂದು ಕೂಡಿ, ಸೋಡಿಯಂ ಸಿಟ್ರೇಟ್ ಎಂಬ ಲವಣ, ನೀರು ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಹುಟ್ಟುತ್ತವೆ. ಹೀಗೆ ಹುಟ್ಟಿದ ನೀರು ಪಕ್ಕದ ಹರಳುಗಳನ್ನು ಕರಗಿಸುವುದರಿಂದ ಒಮ್ಮೆ ಶುರುವಾದ ಕ್ರಿಯೆ ತಾನೇ ಮುಂದುವರಿಯುತ್ತದೆ. ಒಂದೇ ಹನಿಯಿಂದ ಇಡೀ ಬಟ್ಟಲು ಕೆಡಲು ಕಾರಣ ಇದು.

ಲೆಕ್ಕದ ಪ್ರಕಾರ 100 ಗ್ರಾಂ ನಿಂಬೆ ಉಪ್ಪಿಗೆ ಸುಮಾರು 131 ಗ್ರಾಂ ಸೋಡಾ ಸಾಕು. ರೂಢಿಯಲ್ಲಿ 200 ಗ್ರಾಂ ಹಾಕುತ್ತಾರೆ. ಆಮ್ಲ ಉಳಿದುಕೊಂಡರೆ ಗಾಯ, ತರಚು ಇರುವ ಚರ್ಮ ಉರಿಯುತ್ತದೆ. ಸೋಡಾ ಉಳಿದರೆ ನೀರು ಮೆಲುವಾಗಿ ಕ್ಷಾರವಾಗುತ್ತದೆ, ಅದೂ ಸಾಬೂನಿನಷ್ಟಲ್ಲ. ಹಾಗಾಗಿ ಎರಡಕ್ಕೆ ಒಂದು ಎಂಬ ಅಳತೆ ಸರಿಯಾದದ್ದೇ.

400 ಗ್ರಾಂ ಮಿಶ್ರಣಕ್ಕೆ 200 ಗ್ರಾಂ ಅಡುಗೆ ಸೋಡಾ, 100 ಗ್ರಾಂ ನಿಂಬೆ ಉಪ್ಪು, 50 ಗ್ರಾಂ ಕಾರ್ನ್‌ಫ್ಲೋರ್, 50 ಗ್ರಾಂ ಎಪ್ಸಮ್ ಸಾಲ್ಟ್ ಬೇಕು. ಇಷ್ಟರಿಂದ 6 ಸೆಂ.ಮೀ. ವ್ಯಾಸದ ಸುಮಾರು ಮೂರು ಉಂಡೆಗಳಾಗುತ್ತವೆ. ಬೇಕಿಂಗ್ ಪೌಡರ್ ಇಲ್ಲಿ ನಡೆಯದು. ಅದರಲ್ಲಿ ಆಮ್ಲವೂ ಪಿಷ್ಟವೂ ಮೊದಲೇ ಸೇರಿರುತ್ತವೆ. ನಿಂಬೆ ಉಪ್ಪಿನಲ್ಲಿ ಎರಡು ಬಗೆ. ಮಾನೊಹೈಡ್ರೇಟ್ ಬಗೆಯ ಹರಳಿನೊಳಗೇ ತೂಕದ ಶೇ 8ಕ್ಕಿಂತ ಹೆಚ್ಚು ನೀರು ಅಡಗಿರುತ್ತದೆ, ಅನ್‌ಹೈಡ್ರಸ್ ಬಗೆಯಲ್ಲಿ ಇರುವುದಿಲ್ಲ. ಪೊಟ್ಟಣದ ಮೇಲೆ ಓದಿ ಎರಡನೆಯದನ್ನೇ ಆರಿಸಬೇಕು. ಕಾರ್ನ್‌ಫ್ಲೋರ್ ಅಂದರೆ ಮೆಕ್ಕೆಜೋಳದ ಪಿಷ್ಟ, ರೊಟ್ಟಿಯ ಜೋಳದ ಹಿಟ್ಟಲ್ಲ. ಅದು ಹರಳುಗಳ ನಡುವೆ ಸೇರಿ ಬುರುಗನ್ನು ನಿಧಾನಗೊಳಿಸುತ್ತದೆ. ಉಂಡೆ ಒಮ್ಮೆಲೇ ಸಿಡಿಯದೆ ತೇಲಾಡುತ್ತ ಕರಗುತ್ತದೆ. ಎಪ್ಸಮ್ ಸಾಲ್ಟ್, ಅಡಿಕೆ ಮತ್ತು ತೆಂಗು ಬೆಳೆಗಾರರು ಬಲ್ಲ ಮೆಗ್ನೀಸಿಯಂ ಸಲ್ಫೇಟ್. ಗೊಬ್ಬರದ ಅಂಗಡಿಯ ಉಪ್ಪು ಮೈಗೆ ತಕ್ಕಷ್ಟು ಶುದ್ಧವಾಗಿರುವುದಿಲ್ಲ, ಔಷಧದ ಅಂಗಡಿಯದನ್ನು ತರಬೇಕು. ಅದರ ಹರಳಿನ ತೂಕದ ಅರ್ಧದಷ್ಟು ನೀರೇ ಆದ್ದರಿಂದ ಮಳೆಗಾಲದಲ್ಲಿ ಅದನ್ನು ಪೂರ್ತಿ ಬಿಟ್ಟು, ಬದಲಿಗೆ ಕಾರ್ನ್‌ಫ್ಲೋರ್ ಹೆಚ್ಚಿಸುವುದು ಲೇಸು.

ಎಣ್ಣೆ ಒಂದು ದೊಡ್ಡ ಚಮಚ, ಅಂದರೆ 15 ಮಿ.ಲೀ. ಸಾಕು. ಕೊಬ್ಬರಿ ಎಣ್ಣೆ ಇದಕ್ಕೆ ಬಲು ಒಪ್ಪುತ್ತದೆ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುವುದರಿಂದ ಬೆಂಗಳೂರು, ಕೊಡಗುಗಳ ಚಳಿಗಾಲದಲ್ಲಿ ಉಂಡೆಗೆ ಅಂಟಿನಂತೆಯೂ ಒದಗುತ್ತದೆ. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲಿ ಮೈಗೂ ತೊಟ್ಟಿಗೂ ಅಂಟುತ್ತದೆ. ಹಾಗಾಗದಿರಲು ಪಾಲಿಸಾರ್ಬೇಟ್ 80 ಎಂಬ ದ್ರವವನ್ನು ಅರ್ಧ ಸಣ್ಣ ಚಮಚ ಸೇರಿಸುತ್ತಾರೆ. ಪರಿಮಳಕ್ಕೆ ಸುಗಂಧತೈಲ 2ರಿಂದ 3 ಮಿ.ಲೀ. ಮೀರಬಾರದು. ದಾಲ್ಚಿನ್ನಿ, ಲವಂಗದ ತೈಲಗಳು ಚರ್ಮವನ್ನು ಸುಡುವಷ್ಟು ತೀಕ್ಷ್ಣ, ಅವನ್ನು ದೂರವಿಡುವುದೇ ಸರಿ. ಮಜ್ಜಿಗೆ ಹುಲ್ಲಿನ ತೈಲದ ವಿಷಯದಲ್ಲೂ ಕೈ ಬಿಗಿಯಿರಲಿ. ಮೈಸೂರಿನಲ್ಲಿ 1916ರಿಂದ ಬಟ್ಟಿ ಇಳಿಸುತ್ತ ಬಂದ ಶ್ರೀಗಂಧದ ಎಣ್ಣೆ ದುಬಾರಿ ನಿಜ. ನಿಧಾನವಾಗಿ ಹರಡಿ ಬಹಳ ಹೊತ್ತು ನಿಲ್ಲುವ ಅದರ ಕಂಪಿಗೆ ಬಿಸಿನೀರಿನ ಹಬೆಯಷ್ಟು ಒಳ್ಳೆಯ ವಾಹನ ಇನ್ನೊಂದಿಲ್ಲ.

ಬಣ್ಣದ ವಿಷಯದಲ್ಲಿ ಅಡುಗೆಮನೆಯ ಪುಡಿಗಳು ಕೈಕೊಡುವುದುಂಟು. ಅರಿಸಿನ ಕ್ಷಾರಕ್ಕೆ ಸಿಕ್ಕರೆ ಕೆಂಪಿನ ಕಡೆಗೆ ಹೊರಳುತ್ತದೆ. ಅರಿಸಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಈ ಗುಣದಿಂದಲೇ. ಶಂಖಪುಷ್ಪ ಮತ್ತು ದಾಸವಾಳದ ಬಣ್ಣಗಳೂ ಆಮ್ಲ ಎಲ್ಲಿ, ಕ್ಷಾರ ಎಲ್ಲಿ ಎಂಬುದನ್ನು ಅನುಸರಿಸಿ ಬದಲಾಗುತ್ತವೆ. ಸೌಂದರ್ಯವರ್ಧಕಗಳಿಗೆಂದೇ ಮಾರುವ ಬಣ್ಣವನ್ನು ಚಿಟಿಕೆಯಷ್ಟು ಹಾಕಬಹುದು. ಬಣ್ಣವಿಲ್ಲದ ಬಿಳಿ ಉಂಡೆ ಇವೆಲ್ಲಕ್ಕಿಂತ ಮೇಲು, ತೊಟ್ಟಿಗೂ ಟವೆಲಿಗೂ ಕಲೆಯಾಗದು.

ಕೆಲಸ ಶುರುಮಾಡುವಾಗ ಕೈಗೆ ಗ್ಲೌಸ್, ಮೂಗಿಗೆ ಮಾಸ್ಕ್ ಇರಬೇಕು. ನಿಂಬೆ ಉಪ್ಪಿನ ಧೂಳು ಕಣ್ಣು, ಮೂಗುಗಳನ್ನು ಉರಿಸುತ್ತದೆ. ಗಾಜಿನ ಅಥವಾ ಸ್ಟೀಲಿನ ಒಣ ಬೋಗುಣಿಯಲ್ಲಿ ಸೋಡಾ, ಕಾರ್ನ್‌ಫ್ಲೋರ್, ಎಪ್ಸಮ್ ಸಾಲ್ಟ್‌ಗಳನ್ನು ಜರಡಿ ಹಿಡಿದು ಸೇರಿಸಬೇಕು. ನಿಂಬೆ ಉಪ್ಪು ದಪ್ಪ ಹರಳಾಗಿದ್ದರೆ ಒಣ ಮಿಕ್ಸಿ ಜಾರಿನಲ್ಲಿ ಪುಡಿಮಾಡಿ ಕೊನೆಗೆ ಬೆರೆಸಬೇಕು. ಬಳಿಕ ಎಣ್ಣೆ, ಪಾಲಿಸಾರ್ಬೇಟ್, ಸುಗಂಧವನ್ನು ಬೇರೆ ಬಟ್ಟಲಲ್ಲಿ ಕಲಸಿ, ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ, ಗಂಟು ಉಳಿಯದಂತೆ ಬೆರಳಿನಿಂದ ಉಜ್ಜುತ್ತ ಹೋಗಬೇಕು.

ಇನ್ನು ಹದ. ಪುಟ್ಟಿನ ಹಿಟ್ಟಿಗೆ ನೀರು ಚಿಮುಕಿಸಿ ಹದ ನೋಡುವ ಕೈಗಳಿಗೆ ಇದು ಹೊಸದಲ್ಲ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ, ಅಂಗೈ ಬಿಚ್ಚಿದಾಗ ಮುಷ್ಟಿಯ ಆಕಾರದಲ್ಲೇ ನಿಲ್ಲಬೇಕು. ಉದುರಿದರೆ ತೇವ ಸಾಲದು. ಆಗ ಸ್ಪ್ರೇ ಬಾಟಲಿಯಿಂದ ಒಂದೊಂದೇ ಸಲ ಚಿಮುಕಿಸಿ ತಕ್ಷಣ ಕಲಸಬೇಕು. ನೀರಿನ ಬದಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಳಸಿದರೆ ಬುರುಗಿನ ಭಯ ಕಡಿಮೆ, ಬೇಗ ಆರಿಯೂ ಹೋಗುತ್ತದೆ. ಅದು ಬೆಂಕಿ ಹತ್ತುವ ದ್ರವವಾದ್ದರಿಂದ ಒಲೆ, ದೀಪ ಹತ್ತಿರವಿರಬಾರದು. ಕೆಲಸ ಕೆಡುತ್ತಿರುವುದನ್ನು ಕಣ್ಣಿಗಿಂತ ಮೊದಲು ಕೈ ಹೇಳುತ್ತದೆ. ಸೋಡಾ ಮತ್ತು ಆಮ್ಲ ಕೂಡುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತವೆ, ಹಾಗಾಗಿ ಹಿಟ್ಟು ಇದ್ದಕ್ಕಿದ್ದಂತೆ ತಣ್ಣಗಾದರೆ ಬುರುಗು ಶುರುವಾಗಿದೆ ಎಂದೇ ಅರ್ಥ. ಆಗ ಚಿಮುಕಿಸುವುದನ್ನು ನಿಲ್ಲಿಸಿ, ಬೇಗಬೇಗ ಕಲಸಿ ಅಚ್ಚಿಗೆ ತುಂಬಬೇಕು.

ಎರಡು ಹೋಳಿನ ಗುಂಡು ಅಚ್ಚು ಆನ್‌ಲೈನ್‌ನಲ್ಲಿ ಸಿಗುತ್ತದೆ. ಇಲ್ಲದಿದ್ದರೆ ಸಿಲಿಕೋನ್ ಕಪ್‌ಕೇಕ್ ಅಚ್ಚು ಸಾಕು. ಎರಡೂ ಹೋಳುಗಳಿಗೆ ತುಸು ಗೋಪುರದಂತೆ ಹಿಟ್ಟು ತುಂಬಿ ಒಂದರ ಮೇಲೊಂದಿಟ್ಟು ತಿರುಚದೆ ಒತ್ತಬೇಕು. ಐದು ನಿಮಿಷದ ನಂತರ ಒಂದು ಹೋಳನ್ನು ಮೆಲ್ಲಗೆ ತಟ್ಟಿ ತೆಗೆದು, ಉಂಡೆಯನ್ನು ಮೆತ್ತನೆಯ ಬಟ್ಟೆಯ ಮೇಲೆ ಇಡಬೇಕು. ಒಂದು ಇಡೀ ದಿನ, ಸಾಧ್ಯವಾದರೆ ಎರಡು ದಿನ, ಗಾಳಿಯಾಡುವ ಒಣ ಜಾಗದಲ್ಲಿ ಆರಬೇಕು. ಫ್ರಿಜ್ ಒಳ್ಳೆಯ ಜಾಗವಲ್ಲ. ಹೊರಗೆ ತೆಗೆದ ಕೂಡಲೇ ಮೈಮೇಲೆ ನೀರಹನಿ ಕೂರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿ ಮತ್ತು ಮಲೆನಾಡಿನಲ್ಲಿ ಈ ಕೆಲಸಕ್ಕೆ ಕೈ ಹಾಕದಿರುವುದು ಉತ್ತಮ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಇದೇ ಉಂಡೆ ತಂಟೆಯಿಲ್ಲದೆ ಕಲ್ಲಿನಂತಾಗುತ್ತದೆ.

ಮೈಮೇಲೆ ಗುಳ್ಳೆ, ಗಂಟು ಎದ್ದರೆ ತೇವ ಹೆಚ್ಚಾಗಿತ್ತೆಂದು ತಿಳಿಯಬೇಕು. ಬಿರುಕು ಬಿಟ್ಟರೆ ತೇವ ಸಾಲದು, ಇಲ್ಲವೇ ಅಚ್ಚಿನಿಂದ ಅವಸರದಲ್ಲಿ ತೆಗೆದಿರಬೇಕು. ಕೆಟ್ಟ ಉಂಡೆಯನ್ನು ಎಸೆಯಬೇಕಿಲ್ಲ. ಪುಡಿಮಾಡಿ ಒಣಗಿಸಿ ಡಬ್ಬಿಯಲ್ಲಿಟ್ಟರೆ ಕಾಲು ನೆನೆಸುವ ನೀರಿಗೆ ಆಗುತ್ತದೆ.

ಬಾತ್ ಬಾಂಬ್ ಬೆಳೆದದ್ದು ತೊಟ್ಟಿಯಲ್ಲಿ ಮಲಗಿ ಮೀಯುವ ನಾಡಿನಲ್ಲಿ. ಕನ್ನಡದ ಬಹುಪಾಲು ಮನೆಗಳದ್ದು ಬಕೆಟ್ಟು ಮತ್ತು ಚೊಂಬಿನ ಸ್ನಾನ. ಇಲ್ಲಿಗೆ ಹೊಂದುವ ರೀತಿ ಕಾಲು ನೆನೆಸುವುದು. ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಪ್ಲಾಸ್ಟಿಕ್ ಟಬ್ಬಿನಲ್ಲಿ ಐದಾರು ಲೀಟರ್ ಉಗುರುಬೆಚ್ಚಗಿನ ನೀರು ತುಂಬಿ ಅದರಲ್ಲಿ ಬಿಟ್ಟು, 10–15 ನಿಮಿಷ ಕಾಲಿಟ್ಟು ಕೂತರೆ ಸಾಕು. ತಾಮ್ರದ ಹಂಡೆ, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಪಾತ್ರೆಗೆ ಹಾಕಬಾರದು, ಹುಣಸೆಹುಳಿಯಂತೆ ಈ ಆಮ್ಲವೂ ಲೋಹವನ್ನು ತಿನ್ನುತ್ತದೆ. ಬಕೆಟ್ಟಿನಲ್ಲಿ ವಾಟರ್ ಹೀಟರ್ ರಾಡ್ ಇರುವಾಗ ಹಾಕುವುದಂತೂ ಎಂದಿಗೂ ಕೂಡದು. ಮೈಮೇಲೆ ಸುರಿದುಕೊಂಡರೆ ಬಚ್ಚಲ ನೆಲ ಎಣ್ಣೆಯಿಂದ ಜಾರುತ್ತದೆ. ವಯಸ್ಸಾದವರಿರುವ ಮನೆಯಲ್ಲಿ ಕೂಡಲೇ ತೊಳೆಯಬೇಕು. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಕಾಲು ನೆನೆಸಬಾರದು. ಇಸಬು ಇರುವವರು, ಪುಟ್ಟ ಮಕ್ಕಳು, ಮೂತ್ರನಾಳದ ಉರಿ ಪದೇ ಪದೇ ಕಾಡುವವರು ಇದರಿಂದ ದೂರವಿರುವುದು ಕ್ಷೇಮ. ಮೈಯ ವಿಷವನ್ನು ಹೊರಗೆಳೆಯುತ್ತದೆ ಎಂಬ ಜಾಹೀರಾತಿನ ಮಾತಿಗೆ ಆಧಾರವಿಲ್ಲ. ಬಿಸಿನೀರಿನ ಹಿತ, ಒಂದಿಷ್ಟು ಎಣ್ಣೆಯ ನಯ, ಪರಿಮಳ, ಇಷ್ಟೇ ಇದರ ಫಲ, ಅದು ಸಣ್ಣದೇನಲ್ಲ.

ಆರಿದ ಉಂಡೆಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಡಬ್ಬಿಯಲ್ಲಿಡಬೇಕು. ಪೂರ್ತಿ ಆರುವ ಮೊದಲು ಬಿಗಿ ಮುಚ್ಚಳದ ಗಾಜಿನ ಬಾಟಲಿಗೆ ತುಂಬುವುದು ಅಪಾಯ. 6 ಸೆಂ.ಮೀ.ನ ಒಂದು ಉಂಡೆಯಿಂದ 12 ಲೀಟರಿನಷ್ಟು ಅನಿಲ ಹೊರಡಬಲ್ಲದು, ಬಾಟಲಿ ಒಡೆಯಲು ಅದರ ಒಂದಂಶ ಸಾಕು. ದಿನ ಕಳೆದಂತೆ ಗಾಳಿಯ ತೇವವನ್ನು ಹೀರಿ ಬುರುಗು ಕುಂದುತ್ತದೆ. ಕೆಲವು ತಿಂಗಳೊಳಗೆ ಬಳಸುವುದು ಒಳ್ಳೆಯದು. ಮಾರುವ ಯೋಚನೆಯಿದ್ದರೆ ಮಾತು ಬೇರೆ. ಭಾರತದಲ್ಲಿ ಮಾರಾಟಕ್ಕೆಂದು ಸೌಂದರ್ಯವರ್ಧಕ ತಯಾರಿಸಲು 2020ರ ಕಾಸ್ಮೆಟಿಕ್ಸ್ ನಿಯಮಗಳಡಿ ಪರವಾನಗಿ ಪಡೆಯಲೇಬೇಕು.

ಸಿದ್ಧವಾದ ಬಿಳಿ ಉಂಡೆ ನೋಡಲು ಥೇಟ್ ರವೆ ಉಂಡೆಯಂತಿರುತ್ತದೆ. ತಿಂಡಿಯ ಡಬ್ಬಿಗಳ ಸಾಲಿನಲ್ಲಿ ಅದನ್ನು ಇಡಬೇಡಿ. ಯಾರಿಗೆ ಕೊಟ್ಟರೂ ಮಾಡಿದ ದಿನ, ಬಳಸಿದ ಸಾಮಗ್ರಿ ಮತ್ತು ‘ತಿನ್ನುವುದಲ್ಲ’ ಎಂಬ ಮಾತನ್ನು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ ಕೊಡಿ.