ಹಾಡಿಗೂ ಒಂದು ಪ್ಯಾಕೇಜು

ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದ ಮಾರ್ಕೆಟಿಂಗ್ ಅಧ್ಯಾಯದಲ್ಲಿ ನಾವು ಪ್ಯಾಕೇಜಿಂಗ್ ಬಗ್ಗೆ ಓದುತ್ತೇವೆ. ವಸ್ತುವನ್ನು ನೇರವಾಗಿ ಸುತ್ತಿರುವ ಹೊದಿಕೆ ಒಂದು, ಅದರ ಮೇಲಿನ ರಟ್ಟಿನ ಪೆಟ್ಟಿಗೆ ಇನ್ನೊಂದು, ಲಾರಿಯಲ್ಲಿ ಸಾಗಿಸುವ ದೊಡ್ಡ ಪೆಟ್ಟಿಗೆ ಮತ್ತೊಂದು. ಟೂತ್‌ಪೇಸ್ಟಿನ ಉದಾಹರಣೆ ಕೊಟ್ಟರೆ ಅಂಕ ಸಿಗುತ್ತದೆ. ಆದರೆ ಹಾಡಿಗೆ ಪ್ಯಾಕೇಜು ಯಾಕೆ ಬೇಕು? ಹಾಡು ಒಡೆಯುವುದಿಲ್ಲ, ಸೋರುವುದಿಲ್ಲ, ಹಳಸುವುದೂ ಇಲ್ಲ. ಈಗಂತೂ ಅಂಗಡಿಗೆ ಹೋಗುವ ಅಗತ್ಯವಿಲ್ಲ, ಮೊಬೈಲಿಗೇ ಬರುತ್ತದೆ. ಹಾಗಿದ್ದರೂ ಒಂದು ಆಲ್ಬಮ್ ಬಂತೆಂದರೆ ಕವರ್, ಪೋಸ್ಟರ್, ಥಂಬ್‌ನೇಲ್, ಸ್ಟೇಟಸ್ ಚಿತ್ರ ಎಲ್ಲವೂ ಬೇಕು. ಅವೆಲ್ಲ ಒಂದೇ ಮನೆಯವರ ಹಾಗೆ ಕಾಣಬೇಕು. ಇದು ಹೇಗೆ ಆಗುತ್ತದೆ ಎಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಮೊದಲು 'ಆಲ್ಬಮ್' ಎಂಬ ಪದ. ಹಿಂದೆ ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳಿದ್ದವು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ದೊಡ್ಡ ಸಂಗೀತ ಕೃತಿ ಕೇಳಬೇಕೆಂದರೆ ನಾಲ್ಕೈದು ತಟ್ಟೆ ಬೇಕು. ಅವನ್ನು ಫೋಟೋ ಆಲ್ಬಮ್ಮಿನ ಹಾಗೆ ಕಾಗದದ ಚೀಲಗಳಲ್ಲಿ ಇಟ್ಟು ಪುಸ್ತಕದಂತೆ ಹೊಲಿದು ಮಾರುತ್ತಿದ್ದರು. ತಟ್ಟೆ ಬದಲಾಯಿತು, ಕ್ಯಾಸೆಟ್ ಬಂತು, ಸಿಡಿ ಬಂತು, ಹೆಸರು ಮಾತ್ರ ಉಳಿಯಿತು. ಆ ಪುಸ್ತಕಗಳ ಮೇಲೆ ಹೆಚ್ಚಾಗಿ ಬರೀ ಹೆಸರು ಅಚ್ಚಾಗಿರುತ್ತಿತ್ತು. ಅಮೆರಿಕದ ಕೊಲಂಬಿಯಾ ಕಂಪನಿಗೆ ಕೆಲಸಕ್ಕೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವಕ 1940ರಲ್ಲಿ ಅದರ ಮೇಲೆ ಚಿತ್ರ ಹಾಕಿಸಿದರು. ಅಂಗಡಿಯಲ್ಲಿ ಜನ ನಿಂತು ನೋಡತೊಡಗಿದರು, ಮಾರಾಟ ಏರಿತು. 1948ರಲ್ಲಿ ಅದೇ ಕಂಪನಿ ಹನ್ನೆರಡು ಇಂಚಿನ ಎಲ್‌ಪಿ ತಟ್ಟೆ ತಂದ ಮೇಲೆ ಕಲಾವಿದರಿಗೆ ಒಂದಡಿ ಅಗಲ, ಒಂದಡಿ ಎತ್ತರದ ಕ್ಯಾನ್ವಾಸೇ ಸಿಕ್ಕಂತಾಯಿತು.

ಈ ಒಂದಡಿಯನ್ನು ಚೆನ್ನಾಗಿ ಬಳಸಿದವರಲ್ಲಿ ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ಬ್ಯಾಂಡಿನ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಎಲ್ಲರಿಗೂ ಗೊತ್ತಿರುವ ಉದಾಹರಣೆ. ಹಾಡು ಕೇಳದವರೂ ಅದರ ಚಿತ್ರವಿರುವ ಟೀ ಶರ್ಟ್ ನೋಡಿರುತ್ತಾರೆ: ಕಪ್ಪು ಹಿನ್ನೆಲೆ, ಮಧ್ಯದಲ್ಲಿ ಗಾಜಿನ ತ್ರಿಕೋನ, ಎಡದಿಂದ ಒಂದು ಬಿಳಿ ಗೆರೆ ಬಂದು ಬಲಕ್ಕೆ ಬಣ್ಣಗಳಾಗಿ ಹೊರಡುತ್ತದೆ. 1973ರ ಈ ವಿನ್ಯಾಸ ಹಿಪ್ನೋಸಿಸ್ ಎಂಬ ಸಂಸ್ಥೆಯದು. ಅದನ್ನು ನಡೆಸುತ್ತಿದ್ದವರು ಸ್ಟಾರ್ಮ್ ಥಾರ್ಗರ್ಸನ್ ಮತ್ತು ಆಬ್ರಿ ಪವೆಲ್. ಚಿತ್ರ ಬರೆದವರು ಜಾರ್ಜ್ ಹಾರ್ಡಿ. ಅದಕ್ಕೆ ಮೊದಲು ಹಿಪ್ನೋಸಿಸ್ ಇದೇ ಬ್ಯಾಂಡಿಗೆ ವಿಚಿತ್ರವಾದ ಫೋಟೋಗಳನ್ನು ಕೊಡುತ್ತಿತ್ತು. 1970ರ ಒಂದು ಆಲ್ಬಮ್ಮಿನ ಮೇಲೆ ಹೊಲದಲ್ಲಿ ನಿಂತ ಹಸು ಬಿಟ್ಟರೆ ಬೇರೇನೂ ಇಲ್ಲ! ಈ ಸಲ ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಸರಳವಾದದ್ದು ಬೇಕು, ಫೋಟೋ ಬೇಡ ಎಂದರು. ಪ್ರಿಸಂ ಎಂಬ ಯೋಚನೆ ಬಂದದ್ದು ಬೆಳಕಿನ ಬಗೆಗಿನ ಒಂದು ಪುಸ್ತಕದ ಚಿತ್ರದಿಂದ. ಅಂದರೆ ನಮ್ಮ ಸೈನ್ಸ್ ವಿಭಾಗದ ಗೆಳೆಯರು ಲ್ಯಾಬಿನಲ್ಲಿ ದಿನಾ ನೋಡುವ ವಸ್ತು.

ನನಗೆ ಮುಖ್ಯವಾಗಿ ಕಂಡದ್ದು ಮುಂಭಾಗದ ಚಿತ್ರವಲ್ಲ, ಅದು ಎಲ್ಲೆಲ್ಲಿ ಮುಂದುವರಿಯುತ್ತದೆ ಎಂಬುದು. ಬಲಕ್ಕೆ ಹೋದ ಬಣ್ಣದ ಪಟ್ಟಿ ಅಲ್ಲಿಗೆ ನಿಲ್ಲುವುದಿಲ್ಲ. ಕವರನ್ನು ಪುಸ್ತಕದಂತೆ ತೆರೆದರೆ ಒಳಗೂ ಅದೇ ಪಟ್ಟಿ ಹರಿಯುತ್ತದೆ, ಅದರಲ್ಲಿ ಹಸಿರು ಗೆರೆ ಮಾತ್ರ ಇಸಿಜಿ ಕಾಗದದ ಹಾಗೆ ಏರಿಳಿಯುತ್ತದೆ. ಏಕೆಂದರೆ ಆಲ್ಬಮ್ ಶುರುವಾಗುವುದೂ ಮುಗಿಯುವುದೂ ಎದೆಬಡಿತದ ಶಬ್ದದಿಂದ. ಹಿಂಬದಿಯಲ್ಲಿ ತಲೆಕೆಳಗಾದ ಇನ್ನೊಂದು ಪ್ರಿಸಂ ಬಣ್ಣಗಳನ್ನು ಮತ್ತೆ ಒಂದುಗೂಡಿಸುತ್ತದೆ. ಹಾಗಾಗಿ ಅಂಗಡಿಯವರು ಕವರುಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಗೆರೆ ಕೊನೆಯಿಲ್ಲದೆ ಸಾಗುತ್ತದೆ. ಪ್ರಚಾರಕ್ಕೆ ಬೇರೆ ಖರ್ಚಿಲ್ಲ, ಸರಕೇ ಜಾಹೀರಾತು. ಒಳಗಿಟ್ಟ ಪೋಸ್ಟರ್ ಮತ್ತು ಸ್ಟಿಕ್ಕರುಗಳಲ್ಲಿ ಈಜಿಪ್ಟಿನ ಪಿರಮಿಡ್ಡುಗಳಿವೆ, ಅವೂ ತ್ರಿಕೋನವೇ. ಇನ್ನೊಂದು ಸಣ್ಣ ಸಂಗತಿ: ಶಾಲೆಯಲ್ಲಿ ನಾವು ಕಾಮನಬಿಲ್ಲಿಗೆ ಏಳು ಬಣ್ಣ ಎಂದು ಕಲಿತಿದ್ದೇವೆ, ಈ ಕವರಿನಲ್ಲಿ ಆರೇ ಇವೆ. ನೀಲಿಗೂ ನೇರಳೆಗೂ ನಡುವಿನ ಬಣ್ಣವನ್ನು ಬಿಟ್ಟಿದ್ದಾರೆ.

ಒಂದೇ ಯೋಚನೆ ಎಲ್ಲ ಬದಿಗಳಿಗೂ ಹರಡುವುದಕ್ಕೆ ಹೊಂದಾಣಿಕೆ ಎನ್ನುತ್ತೇವೆ. ಎಲ್ಲ ಕಡೆ ಒಂದೇ ಚಿತ್ರ ಅಂಟಿಸುವುದು ಹೊಂದಾಣಿಕೆಯಲ್ಲ, ಅದು ಜೆರಾಕ್ಸ್.

ನಮ್ಮ ಕಾಲದ ಉದಾಹರಣೆ ಕೇಳಿದರೆ ನಮ್ಮ ಕ್ಲಾಸಿನ ಅರ್ಧ ಹುಡುಗಿಯರು ಬಿಟಿಎಸ್ ಎನ್ನುತ್ತಾರೆ. 2017 ಮತ್ತು 2018ರಲ್ಲಿ ಬಂದ 'ಲವ್ ಯುವರ್‌ಸೆಲ್ಫ್' ಸರಣಿಯ ಮೂರು ಆಲ್ಬಮ್ಮುಗಳಿಗೂ ತಲಾ ನಾಲ್ಕು ಆವೃತ್ತಿಗಳು, ಪ್ರತಿ ಆವೃತ್ತಿಗೆ ಒಂದು ಅಕ್ಷರ. ಹನ್ನೆರಡೂ ಅಕ್ಷರ ಸೇರಿದರೆ ಸರಣಿಯ ಹೆಸರಾಗುತ್ತದೆ. ಇವುಗಳಲ್ಲಿ ಎರಡನೆಯದಾದ 'ಟಿಯರ್' ಆಲ್ಬಮ್ಮಿನ ಪ್ಯಾಕೇಜು 2019ರ ಗ್ರ್ಯಾಮಿ ಪ್ರಶಸ್ತಿಗೆ ನಾಮನಿರ್ದೇಶನವಾಗಿತ್ತು. ಮಾಡಿದ್ದು ಹಸ್ಕಿಫಾಕ್ಸ್ ಎಂಬ ಕೊರಿಯಾದ ವಿನ್ಯಾಸ ಸಂಸ್ಥೆ. ಪ್ರಶಸ್ತಿ ಬರಲಿಲ್ಲ, ಆದರೆ ಗ್ರ್ಯಾಮಿಯಲ್ಲಿ ಪ್ಯಾಕೇಜಿಗೆ ಪ್ರತ್ಯೇಕ ಪ್ರಶಸ್ತಿ ಇದೆ ಎಂಬುದೇ ನಮಗೆಷ್ಟು ಜನಕ್ಕೆ ಗೊತ್ತಿತ್ತು?

ಇಲ್ಲಿ ಕಾಮರ್ಸ್ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹೇಳಲೇಬೇಕು. ಕೊರಿಯಾದ ಇಂಥ ಆಲ್ಬಮ್ಮುಗಳಲ್ಲಿ ಸಿಡಿ, ಫೋಟೋ ಪುಸ್ತಕದ ಜೊತೆ ಒಂದು ಫೋಟೋಕಾರ್ಡ್ ಇರುತ್ತದೆ. ಯಾವ ಸದಸ್ಯನದು ಎಂದು ತೆರೆಯುವ ತನಕ ತಿಳಿಯುವುದಿಲ್ಲ. ಏಳು ಜನರ ಏಳು ಕಾರ್ಡುಗಳಿವೆ, ಎಲ್ಲವೂ ಸಮಪ್ರಮಾಣದಲ್ಲಿವೆ ಎಂದುಕೊಳ್ಳಿ. ಏಳನ್ನೂ ಸೇರಿಸಲು ಸರಾಸರಿ ಎಷ್ಟು ಪ್ರತಿ ಕೊಳ್ಳಬೇಕು? ಏಳು ಅಲ್ಲ. ಮೊದಲ ಕಾರ್ಡಿಗೆ 1 ಪ್ರತಿ ಸಾಕು. ಎರಡನೆಯ ಹೊಸ ಕಾರ್ಡಿಗೆ ಸರಾಸರಿ 7/6, ಮೂರನೆಯದಕ್ಕೆ 7/5, ಹೀಗೆ ಹೋಗಿ ಕೊನೆಯ ಒಂದು ಕಾರ್ಡಿಗೇ 7. ಎಲ್ಲ ಕೂಡಿದರೆ 18.15. ಅಂದರೆ ಹದಿನೆಂಟು ಪ್ರತಿಗಳು! ಹಾಡು ಮಾತ್ರ ಹದಿನೆಂಟರಲ್ಲೂ ಅವೇ. ವಿನ್ಯಾಸ ಚೆನ್ನಾಗಿದೆ ಎಂದು ಮೆಚ್ಚಿ ಒಂದು ಕೊಳ್ಳುವುದು ಬೇರೆ, ಅದೃಷ್ಟದ ಆಟಕ್ಕೆ ದುಡ್ಡು ಸುರಿಯುವುದು ಬೇರೆ ಎಂದು ನನ್ನ ಅಭಿಪ್ರಾಯ. ಬೈಯುವವರು ಬೈಯಿರಿ, ಲೆಕ್ಕ ತಪ್ಪಿದ್ದರೆ ತೋರಿಸಿ. ಇದೇ ಬಿಟಿಎಸ್‌ನ ಜೆ-ಹೋಪ್ 2022ರಲ್ಲಿ ತಮ್ಮ 'ಜ್ಯಾಕ್ ಇನ್ ದ ಬಾಕ್ಸ್' ಆಲ್ಬಮನ್ನು ಮೊದಲು ಸಿಡಿಯೇ ಇಲ್ಲದೆ ಬಿಡುಗಡೆ ಮಾಡಿದರು. ಪ್ಯಾಕೇಜಿನಲ್ಲಿ ಕಾರ್ಡುಗಳಿದ್ದವು, ಹಾಡು ಆ್ಯಪ್‌ನಲ್ಲಿತ್ತು. ಅಂದರೆ ಪೆಟ್ಟಿಗೆ ಉಳಿದು ಒಳಗಿನ ತಟ್ಟೆ ಮಾಯವಾಯಿತು.

ಇಷ್ಟೆಲ್ಲ ನಾನು ಓದಿ ನೋಡಿದ್ದಕ್ಕೆ ಕಾರಣವಿದೆ. ನನ್ನ ಖಾಲಾ, ಅಂದರೆ ಅಮ್ಮಿಯ ತಂಗಿ, ಅವರ ಮಗ ಗಜಲ್ ಹಾಡುತ್ತಾರೆ. ನಾವೆಲ್ಲ ಅವರನ್ನು ಭಾಯಿಜಾನ್ ಎನ್ನುತ್ತೇವೆ. ಹಗಲು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ, ರಾತ್ರಿ ಹಾಡು. ಎರಡು ಉರ್ದು ಗಜಲ್, ಎರಡು ಕನ್ನಡ ಗಜಲ್ ರೆಕಾರ್ಡ್ ಮಾಡಿಸಿದ್ದಾರೆ. ಅದಕ್ಕೇ ಉಳಿತಾಯದ ಬಹುಪಾಲು ಹೋಗಿತ್ತು. ಕವರ್, ಪೋಸ್ಟರ್, ಕಾರ್ಡು ಎಲ್ಲ ಸೇರಿ ಐದು ಸಾವಿರದೊಳಗೆ ಮುಗಿಸಬೇಕು, ಮಾಡುವವಳು ನಾನು, ಮಜೂರಿ ಒಂದು ಪ್ಲೇಟ್ ಬಿರಿಯಾನಿ.

ಆಲ್ಬಮ್ಮಿನ ಹೆಸರು 'ಖಾಲಿ'. ಈ ಪದ ಉರ್ದುವಿನಲ್ಲೂ ಇದೆ, ಕನ್ನಡದಲ್ಲೂ ಇದೆ, ಬೀದರಿನಲ್ಲಿ ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ಇನ್ನು ಒಂದೇ ಯೋಚನೆ ಯಾವುದು? ನಮ್ಮ ನಾನಾ ಬಿದರಿ ಕೆಲಸ ಮಾಡಿದವರು. ಬಿದರಿ ಪಾತ್ರೆ ಸತು ಮತ್ತು ತಾಮ್ರದ ಮಿಶ್ರಲೋಹ. ಅದರ ಮೇಲೆ ಉಳಿಯಿಂದ ಗೆರೆ ಕೆತ್ತಿ, ಗೆರೆಯೊಳಗೆ ಬೆಳ್ಳಿಯ ತಂತಿ ಕೂಡಿಸುತ್ತಾರೆ. ಇದಕ್ಕೆ ತಾರಕಶಿ ಎಂದು ಹೆಸರು. ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿ ಬಿಸಿ ಪಾತ್ರೆಗೆ ಹಚ್ಚಿದರೆ ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ನಾನು ಕೇಳಿದಾಗ ನಾನಾ ಒಂದು ಮಾತು ಹೇಳಿದರು: ಬೆಳ್ಳಿ ಕಾಣಬೇಕೆಂದರೆ ಕಪ್ಪು ಜಾಗ ಬಿಡಬೇಕು ಬೇಟಾ, ತುಂಬಾ ತುಂಬಿದರೆ ಪಾತ್ರೆಯೂ ಇಲ್ಲ, ಹೂವೂ ಇಲ್ಲ. 'ಖಾಲಿ' ಎಂಬ ಹೆಸರಿಗೆ ಇದಕ್ಕಿಂತ ಬೇರೆ ಬೇಕೇ? ಕಪ್ಪು ಹಿನ್ನೆಲೆ, ಒಂದೇ ಒಂದು ಬೆಳ್ಳಿ ಗೆರೆ ಎಂದು ತೀರ್ಮಾನವಾಯಿತು.

ಭಾಯಿಜಾನ್‌ಗೆ ಒಪ್ಪಿಗೆಯಾಗಲಿಲ್ಲ. ಪಿಂಕ್ ಫ್ಲಾಯ್ಡ್ ಕವರಿನ ಮುಂಭಾಗದಲ್ಲಿ ಬ್ಯಾಂಡಿನ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ ಎಂದು ನಾನು ತೋರಿಸಿದೆ. "ಅವರನ್ನು ದುನಿಯಾ ಗುರುತಿಸುತ್ತದೆ, ನನ್ನನ್ನು ನಮ್ಮ ಗಲ್ಲಿಯವರೇ ಗುರುತಿಸುವುದಿಲ್ಲ" ಎಂದರು. ಅವರು ಹೇಳಿದ್ದು ಸರಿ. ಏನನ್ನು ಬಿಡಬಹುದು ಎಂಬುದು ನೀವು ಯಾರು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಹೆಸರು ದೊಡ್ಡದಾಗಿ ಬಂತು. ಅವರ ಫೋಟೋ ಕವರಿಗೆ ಬಾರದೆ ಪೋಸ್ಟರಿಗೆ ಹೋಯಿತು. ಅಲ್ಲೂ ಕಪ್ಪು ಶೇರ್ವಾನಿ, ಕಪ್ಪು ಗೋಡೆ, ಒಂದು ಕಡೆಯಿಂದ ಮಾತ್ರ ಬೆಳಕು. ಆಗ ಭುಜದ ಅಂಚು ತಾನೇ ಬೆಳ್ಳಿ ಗೆರೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಮಯ ತೆಗೆದುಕೊಂಡದ್ದು ಎರಡು ಲಿಪಿಗಳು. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಉರ್ದುವಿನ ನಸ್ತಾಲೀಖ್ ಬರಹ ನೇರ ಸಾಲಿನಲ್ಲಿ ನಿಲ್ಲುವುದಿಲ್ಲ, ಪ್ರತಿ ಪದ ಮೇಲಿನಿಂದ ಕೆಳಗೆ ಓರೆಯಾಗಿ ಇಳಿಯುತ್ತದೆ. ಕನ್ನಡ ಅಕ್ಷರಗಳು ಗುಂಡಗೆ ಸಾಲಾಗಿ ಕೂರುತ್ತವೆ, ಒತ್ತಕ್ಷರ ಬಂದರೆ ಕೆಳಗೂ ಜಾಗ ಬೇಕು. ಎರಡಕ್ಕೂ ಒಂದೇ ಫಾಂಟ್ ಅಳತೆ ಕೊಟ್ಟರೆ ಒಂದು ಅಣ್ಣನಂತೆ, ಇನ್ನೊಂದು ತಮ್ಮನಂತೆ ಕಾಣುತ್ತದೆ. ಹಾಗಾಗಿ ಅಂಕಿಯನ್ನು ನೋಡದೆ, ಗೆರೆಯ ದಪ್ಪ ಕಣ್ಣಿಗೆ ಸಮ ಎನಿಸುವ ತನಕ ಹಿಗ್ಗಿಸಿ ಕುಗ್ಗಿಸಬೇಕು. ಒಂದರ ಕೆಳಗೆ ಇನ್ನೊಂದು ಬಂದರೆ ಕೆಳಗಿನದು ಅನುವಾದದಂತೆ ಕಾಣುತ್ತದೆ. ಅದಕ್ಕೆ ಕನ್ನಡವನ್ನು ಎಡ ಅಂಚಿನಿಂದ, ಉರ್ದುವನ್ನು ಬಲ ಅಂಚಿನಿಂದ ಶುರುಮಾಡಿ, ನಡುವೆ ಬೆಳ್ಳಿ ಗೆರೆಯನ್ನು ಬಿಟ್ಟೆ. ಉರ್ದುವಿನ 'ಖ' ಅಕ್ಷರದ ಮೇಲೆ ಒಂದು ನುಕ್ತಾ ಇರುತ್ತದೆ, ಕಲಮಿನಿಂದ ಬರೆದಾಗ ಅದು ವಜ್ರಾಕಾರದ ಚುಕ್ಕೆ. ಅದಕ್ಕೆ ಮಾತ್ರ ಪೂರ್ತಿ ಬಿಳಿ ಕೊಟ್ಟೆ. ಮೊಬೈಲಿನಲ್ಲಿ ಕವರ್ ಉಗುರಿನಷ್ಟು ಆದಾಗ ಗೆರೆ ಕಾಣುವುದಿಲ್ಲ, ಆ ಚುಕ್ಕೆ ಕಾಣುತ್ತದೆ.

ಇನ್ನು ಕೆಲಸಕ್ಕೆ ಬರುವ ಕೆಲವು ವಿಷಯಗಳು. ಆ್ಯಪ್‌ಗಳಿಗೆ ಚೌಕ ಚಿತ್ರ ಬೇಕು, 3000×3000 ಪಿಕ್ಸೆಲ್ ಇಟ್ಟುಕೊಂಡರೆ ಸಾಮಾನ್ಯವಾಗಿ ಸಾಕು. ಇಂಚಿಗೆ 300 ಚುಕ್ಕೆಯಂತೆ ಅಚ್ಚು ಹಾಕಿದರೆ ಅದು ಹತ್ತು ಇಂಚು ಬರುತ್ತದೆ. ಯೂಟ್ಯೂಬ್ ಥಂಬ್‌ನೇಲ್ 1280×720, ಅದರ ಬಲ ಕೆಳಮೂಲೆಯಲ್ಲಿ ಹಾಡಿನ ಅವಧಿ ಕೂರುವುದರಿಂದ ಅಲ್ಲಿ ಏನೂ ಬರೆಯಬೇಡಿ. ವಾಟ್ಸ್ಆ್ಯಪ್ ಡಿಪಿ ದುಂಡಗಿರುತ್ತದೆ, ನಾಲ್ಕು ಮೂಲೆಯೂ ಹೋಗುತ್ತವೆ. ಪ್ರೆಸ್ಸಿಗೆ ಕಳಿಸುವಾಗ ಫೋಟೋ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಡಿಟಿಪಿ ಅಂಗಡಿಯಲ್ಲಿ ಕನ್ನಡ ನುಡಿಯಲ್ಲಿರುತ್ತದೆ, ಉರ್ದು ಇನ್‌ಪೇಜ್‌ನಲ್ಲಿರುತ್ತದೆ, ನಿಮ್ಮ ಫಾಂಟ್ ಅವರಲ್ಲಿ ಇಲ್ಲದಿದ್ದರೆ ಎರಡೂ ಒಡೆದು ಬರುತ್ತವೆ. ಅಕ್ಷರಗಳನ್ನು ಔಟ್‌ಲೈನ್‌ಗೆ ಬದಲಾಯಿಸಿ ಪಿಡಿಎಫ್ ಕೊಡುವುದೇ ಕ್ಷೇಮ.

ಬೆಳ್ಳಿ ಬಣ್ಣದ ವಿಷಯ ಬೇರೆ ಹೇಳಬೇಕು. ಪರದೆಯ ಮೇಲೆ ಬೆಳ್ಳಿ ಎಂಬ ಬಣ್ಣವಿಲ್ಲ, ಬೂದು ಬಣ್ಣದ ಏರಿಳಿತವನ್ನು ಕಣ್ಣು ಬೆಳ್ಳಿ ಎಂದು ನಂಬುತ್ತದೆ. ಮುದ್ರಣದ ನಾಲ್ಕು ಶಾಯಿಗಳಿಂದಲೂ ಅದು ಬರುವುದಿಲ್ಲ, ಬೇರೆ ಶಾಯಿ ಅಥವಾ ಫಾಯಿಲ್ ಬೇಕು. ನಮ್ಮ ಮದುವೆ ಕಾರ್ಡುಗಳ ಮೇಲಿನ ಹೊಳೆಯುವ ಅಕ್ಷರ ಅದೇ. ಐದು ಸಾವಿರದಲ್ಲಿ ಎಲ್ಲದಕ್ಕೂ ಫಾಯಿಲ್ ಆಗದು. ಪೋಸ್ಟರಿಗೆ ಬೂದು ಬಣ್ಣವೇ ಇರಲಿ ಎಂದು ಬಿಟ್ಟು, ಕೈಯಲ್ಲಿ ಹಿಡಿಯುವ ಸಣ್ಣ ಕಾರ್ಡಿಗೆ ಮಾತ್ರ ಫಾಯಿಲ್ ಹಾಕಿಸಿದೆವು. ಕಪ್ಪು ಶಾಯಿಯೊಂದನ್ನೇ ದೊಡ್ಡ ಜಾಗಕ್ಕೆ ಹಾಕಿದರೆ ಕಲ್ಲಿದ್ದಲ ಬೂದಿಯಂತೆ ಮಂಕಾಗುತ್ತದೆ, ಉಳಿದ ಶಾಯಿಗಳನ್ನೂ ಸ್ವಲ್ಪ ಬೆರೆಸಿದರೆ ಗಾಢವಾಗುತ್ತದೆ ಎಂದು ಪ್ರೆಸ್ಸಿನ ಚಾಚಾ ಹೇಳಿಕೊಟ್ಟರು.

ಆ ಕಾರ್ಡೇ ನಮ್ಮ ಆಲ್ಬಮ್. ಸಿಡಿ ಹಾಕಲು ಈಗ ಯಾರ ಮನೆಯಲ್ಲೂ ಯಂತ್ರವಿಲ್ಲ. ಒಂದು ಬದಿಗೆ ಕವರ್, ಇನ್ನೊಂದು ಬದಿಗೆ ನಾಲ್ಕು ಗಜಲ್‌ಗಳ ಹೆಸರು ಮತ್ತು ಕ್ಯೂಆರ್ ಕೋಡ್. ಕೋಡನ್ನೂ ಕಪ್ಪಿನ ಮೇಲೆ ಬೆಳ್ಳಿಯಲ್ಲೇ ಮಾಡಿದ್ದರೆ ಚೆಂದವಿರುತ್ತಿತ್ತು, ಆದರೆ ತಿರುಗುಮುರುಗು ಬಣ್ಣದ ಕೋಡನ್ನು ಎಷ್ಟೋ ಫೋನುಗಳು ಓದುವುದಿಲ್ಲ, ಫಾಯಿಲ್ ಹೊಳಪಿಗೆ ಕ್ಯಾಮೆರಾ ಇನ್ನೂ ತಡವರಿಸುತ್ತದೆ. ಹಾಗಾಗಿ ಅಲ್ಲಿ ಮಾತ್ರ ಬಿಳಿ ಚೌಕದ ಮೇಲೆ ಕಪ್ಪು ಕೋಡ್. ಒಟ್ಟು 200 ಕಾರ್ಡು ಹಾಕಿಸಿದ್ದೆವು, ಸುಮಾರು 40 ನನ್ನ ಬ್ಯಾಗಿನಲ್ಲಿ ಉಳಿದಿವೆ. ಬೇಕಾದವರು ಊಟದ ಬಿಡುವಿನಲ್ಲಿ ಕಾಮರ್ಸ್ ಬ್ಲಾಕಿಗೆ ಬಂದು ತೆಗೆದುಕೊಳ್ಳಬಹುದು. ಎಲ್ಲ ಕಾರ್ಡುಗಳೂ ಒಂದೇ ರೀತಿ ಇವೆ, ಹದಿನೆಂಟು ಸಲ ಬರಬೇಕಾಗಿಲ್ಲ.