ಮಿಲ್ಲಿನ ನೀರು ಮಿಲ್ಲಿಗೇ ಮರಳಲಿ

ಕೊಳಚೆ ನೀರನ್ನು ಹೊರಗೆ ಬಿಡಲೆಂದು ಶುದ್ಧೀಕರಿಸುವುದು ಒಂದು, ತಾನೇ ಮತ್ತೆ ಬಳಸಲೆಂದು ಶುದ್ಧೀಕರಿಸುವುದು ಇನ್ನೊಂದು. ತೊಟ್ಟಿ, ಪಂಪು, ಫಿಲ್ಟರು ಎರಡಕ್ಕೂ ಹೆಚ್ಚುಕಡಿಮೆ ಅವೇ. ಆದರೆ ಮೊದಲನೆಯದು ನಿಂತರೆ ಮಾಲೀಕರಿಗೆ ಕರೆಂಟ್ ಬಿಲ್ ಉಳಿಯುತ್ತದೆ, ಎರಡನೆಯದು ನಿಂತರೆ ಮರುದಿನದ ಕೆಲಸವೇ ನಿಲ್ಲುತ್ತದೆ. 1974ರ ಜಲ ಕಾಯ್ದೆ ಬಂದು ಐವತ್ತು ವರ್ಷ ದಾಟಿದರೂ ಕಾರ್ಖಾನೆ ಇರುವ ಊರುಗಳ ಹಳ್ಳಗಳು ಇನ್ನೂ ನಾರುತ್ತಿರುವುದಕ್ಕೆ ಈ ವ್ಯತ್ಯಾಸವನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದೂ ಒಂದು ಕಾರಣ. ಹೊರಗೆ ಹೋಗುವ ನೀರಿನ ಗುಣ ನೋಡಲು ಅಧಿಕಾರಿಯೇ ಬರಬೇಕು, ಅವರು ದಿನವೂ ಬರುವುದಿಲ್ಲ, ರಾತ್ರಿಯಂತೂ ಬರುವುದಿಲ್ಲ. ಮರುಬಳಕೆಯ ನೀರಿಗೆ ಕಾವಲುಗಾರ ಬೇರೆ ಬೇಕಿಲ್ಲ. ಅದು ಕೆಟ್ಟರೆ ಬಟ್ಟೆಯ ಬಣ್ಣವೇ ಹೇಳುತ್ತದೆ.

ಬಟ್ಟೆಯ ಮಾತು ಬಂದದ್ದು ಬಳ್ಳಾರಿಯ ಜೀನ್ಸ್ ಕಾರಣದಿಂದ. ಮನೆಗಳಲ್ಲಿ, ಸಣ್ಣ ಶೆಡ್ಡುಗಳಲ್ಲಿ ಹೊಲಿದ ಪ್ಯಾಂಟುಗಳೆಲ್ಲ ಮಾರುಕಟ್ಟೆಗೆ ಹೋಗುವ ಮುಂಚೆ ವಾಷಿಂಗ್ ಯೂನಿಟ್ಟಿನ ಡ್ರಮ್ಮಿಗೆ ಬೀಳಲೇಬೇಕು. 2024ರಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಇಂಥ ಹಲವು ಘಟಕಗಳನ್ನು ಮುಚ್ಚಲು ಆದೇಶಿಸಿದಾಗ ಹೊಲಿಗೆಯವರ ಕೂಲಿಗೂ ಕುತ್ತು ಬಂತು. ವಿಚಿತ್ರವೆಂದರೆ ಜೀನ್ಸಿನ ನೀಲಿ ನೀರು ನೋಡಲು ಎಷ್ಟು ಭೀಕರವೋ ಸಂಸ್ಕರಿಸಲು ಅಷ್ಟು ಕಠಿಣವಲ್ಲ. ಇಂಡಿಗೊ ನೀರಿನಲ್ಲಿ ಕರಗದ ಬಣ್ಣ. ತೊಳೆಯುವಾಗ ಅದು ಸಣ್ಣ ಕಣಗಳಾಗಿ ಉದುರುತ್ತದೆ, ಸುಣ್ಣವನ್ನೋ ಪಟಿಕವನ್ನೋ ಹಾಕಿದರೆ ಗರಣೆ ಕಟ್ಟಿ ತಳಕ್ಕೆ ಕೂರುತ್ತದೆ. ಸ್ಟೋನ್ ವಾಷಿನ ಪ್ಯೂಮಿಸ್ ಕಲ್ಲಿನ ಪುಡಿಯೂ ಅದರ ಜೊತೆಗೇ ಇಳಿಯುತ್ತದೆ. ನಿಜವಾಗಿ ಕಾಡುವವು ಕಣ್ಣಿಗೆ ಕಾಣದವು: ನೂಲಿಗೆ ಹಚ್ಚಿದ ಗಂಜಿ, ಬ್ಲೀಚು, ಎಲ್ಲಕ್ಕಿಂತ ಹೆಚ್ಚಾಗಿ ಕರಗಿದ ಉಪ್ಪು. ಆದರೆ ಎಲ್ಲ ಹಂತಕ್ಕೂ ಒಂದೇ ಗುಣದ ನೀರು ಬೇಕೆಂದೇನಿಲ್ಲ. ಗಂಜಿ ಬಿಡಿಸುವ ಮೊದಲ ತೊಳೆತಕ್ಕೆ ಹಿಂದಿನ ಲಾಟಿನ ಕೊನೆಯ ತೊಳೆತದ ನೀರು ಸಾಕು, ಹೊಸ ನೀರು ಬೇಕಾದುದು ಕಟ್ಟಕಡೆಗೆ. ಇಷ್ಟಕ್ಕೆ ಒಂದು ತೊಟ್ಟಿ, ಒಂದು ಪೈಪು ಸಾಕು. ಮಾಡದಿರುವುದಕ್ಕೆ ಬಂಡವಾಳದ ನೆಪ ನಡೆಯುವುದಿಲ್ಲ.

ಬಳ್ಳಾರಿಯಿಂದ ಉತ್ತರಕ್ಕೆ ತೆಕ್ಕಲಕೋಟೆ, ಸಿರುಗುಪ್ಪದ ಕಡೆ ಕತೆ ಬೇರೆ. ಅಲ್ಲಿ ತುಂಗಭದ್ರೆಯ ಕಾಲುವೆ ನೀರಿನ ಹಿಂದೆ ಭತ್ತ ಬಂತು, ಭತ್ತದ ಹಿಂದೆ ರೈಸ್ ಮಿಲ್ಲು. ಭತ್ತವನ್ನು ನೆನೆಸಿ ಹಬೆ ಕೊಟ್ಟು ಕುಸುಬಲಕ್ಕಿ ಮಾಡುವ ಕಡೆ ಕ್ವಿಂಟಲಿಗೆ ನೂರು ಲೀಟರಿಗೂ ಮೇಲೆ ನೀರು ಬೇಕು. ಕಾಳು ಹೀರಿ ಉಳಿದದ್ದು ಕಂದು ಬಣ್ಣಕ್ಕೆ ತಿರುಗಿ ಹೊರಬರುತ್ತದೆ, ಒಂದು ದಿನ ನಿಂತರೆ ಹುಳಿದು ನಾರುತ್ತದೆ. ಇದರಲ್ಲಿ ವಿಷವೇನಿಲ್ಲ, ಇರುವುದು ಸಕ್ಕರೆ, ಗಂಜಿ, ಹೊಟ್ಟಿನ ರಸ. ಆದರೆ ಕೊಳೆಯುವಾಗ ಅದು ಹಳ್ಳದ ಆಮ್ಲಜನಕವನ್ನೆಲ್ಲ ಹೀರುತ್ತದೆ. ಮನೆಗಳ ಕೊಳಚೆಯಲ್ಲಿ ಈ ಆಮ್ಲಜನಕದ ಬೇಡಿಕೆ ಲೀಟರಿಗೆ 200ರಿಂದ 300 ಮಿಲಿಗ್ರಾಂ, ಭತ್ತ ನೆನೆಸಿದ ನೀರಿನಲ್ಲಿ ಸಾವಿರವನ್ನೂ ಮೀರಬಹುದು, ಹೊಳೆಗೆ ಬಿಡಲು ನಿಯಮದ ಮಿತಿ 30. ಹೀಗೆ ಗಟ್ಟಿಯಾಗಿ, ಒಂದೇ ಜಾತಿಯದಾಗಿ ಇರುವಾಗಲೇ ಅದನ್ನು ಮುಚ್ಚಿದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳಿಗೆ ಒಪ್ಪಿಸುವುದು ಸುಲಭ. ಊರ ಚರಂಡಿಗೆ ಸೇರಿ ತೆಳುವಾದ ಮೇಲೆ ಅದೇ ಕೆಲಸಕ್ಕೆ ಎಷ್ಟೋ ಪಟ್ಟು ದೊಡ್ಡ ತೊಟ್ಟಿ ಬೇಕಾಗುತ್ತದೆ, ಖರ್ಚು ಪಟ್ಟಣ ಪಂಚಾಯಿತಿಯ ತಲೆಗೆ ಬರುತ್ತದೆ. ಮಿಲ್ಲಿನ ಮುಚ್ಚಿದ ತೊಟ್ಟಿಯಿಂದ ಗ್ಯಾಸೂ ಸಿಗುತ್ತದೆ, ನಿಜ. ಹೊಟ್ಟು ಸುಟ್ಟು ಬಾಯ್ಲರ್ ನಡೆಸುವ ಮಿಲ್ಲಿನವರಿಗೆ ಗ್ಯಾಸಿನ ಲಾಭದ ಲೆಕ್ಕ ಒಪ್ಪಿಸಲು ಹೋಗುವುದು ಮಾತ್ರ ದಂಡ. ಅವರಿಗೆ ಹೇಳಬೇಕಾದುದು ನೀರಿನ ಲೆಕ್ಕ. ಸಂಸ್ಕರಿಸಿದ ನೀರನ್ನು ಮತ್ತೆ ಭತ್ತಕ್ಕೇ ಹಾಕಬೇಕಿಲ್ಲ, ಹಾಗೆ ಮಾಡಿದರೆ ಅಕ್ಕಿಗೆ ಬಣ್ಣ, ವಾಸನೆ ಹತ್ತುವ ಭಯವಿದೆ. ಬೂದಿ ನೆನೆಸಲು, ಹೊಗೆ ತೊಳೆಯಲು, ಅಂಗಳದ ಧೂಳು ಕೂರಿಸಲು, ಶೌಚಾಲಯಕ್ಕೆ ಅದು ಸಾಕು.

‘ಇಷ್ಟೆಲ್ಲ ಯಾಕೆ, ಸುತ್ತ ಗದ್ದೆಗಳಿವೆಯಲ್ಲ, ಬಿಟ್ಟರೆ ಆಯಿತು’ ಎಂಬ ಮಾತಿದೆ. ಅಕ್ಕಿ ನೀರಿನ ಮಟ್ಟಿಗೆ ಅದು ಅರ್ಧ ಸರಿ: ಆಮ್ಲಜನಕದ ಬೇಡಿಕೆ ನೂರಕ್ಕೆ ಇಳಿದರೆ ನೀರಾವರಿಗೆ ನಿಯಮವೇ ಒಪ್ಪುತ್ತದೆ, ಅದರಲ್ಲಿರುವ ಪೊಟ್ಯಾಷ್, ರಂಜಕ ಬೆಳೆಗೂ ಆಗುತ್ತವೆ. ಜೀನ್ಸ್ ನೀರಿನ ಮಟ್ಟಿಗೆ ಅದು ಪೂರಾ ತಪ್ಪು. ಇಲ್ಲಿಯದು ಎರೆಭೂಮಿ. ಸೋಡಿಯಂ ಸೇರಿದಂತೆಲ್ಲ ಜೇಡಿ ಕಣಗಳು ಬಿಚ್ಚಿಕೊಂಡು ಮಣ್ಣು ಒಳಗೆ ನೀರಿಳಿಯದಂತೆ ಬಿಗಿದುಬಿಡುತ್ತದೆ. ಕಾಲುವೆ ನೀರು ಹೆಚ್ಚಾಗಿಯೇ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳಾದ ಭೂಮಿ ಬೇಕಾದಷ್ಟಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಅದನ್ನು ಸರಿಪಡಿಸುವ ಕೆಲಸದಲ್ಲೇ ತೊಡಗಿದೆ. ಅದರ ಮೇಲೆ ಇನ್ನಷ್ಟು ಉಪ್ಪು ಸುರಿಯುವುದು ಬೇಡ.

ಹೆಚ್ಚು ತೂಕದ ಆಕ್ಷೇಪ ಖರ್ಚಿನದು. ಉಪ್ಪು ತೆಗೆಯಲು ಆರ್‌ಓ ಬೇಕು, ಆರ್‌ಓ ಬಿಡುವ ಉಪ್ಪುನೀರನ್ನು ಆವಿ ಮಾಡಲು ಇಂಧನ ಬೇಕು, ಉಳಿದ ಕೆಸರನ್ನು ಅಪಾಯಕಾರಿ ತ್ಯಾಜ್ಯವೆಂದು ಸಾಗಿಸಬೇಕು. ನಾಲ್ಕು ಡ್ರಮ್ಮಿನ ಯೂನಿಟ್ಟಿಗೆ ಇದು ಆಗದ ಮಾತು, ಒಪ್ಪಲೇಬೇಕು. ತಮಿಳುನಾಡಿನ ತಿರುಪ್ಪೂರಿನವರೂ ಇದನ್ನೇ ಹೇಳುತ್ತಿದ್ದರು. ನೊಯ್ಯಲ್ ನದಿ ಹಾಳಾಯಿತು, ಅದರ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಬಣ್ಣದ ನೀರು ನಿಂತಿತು, 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಿತು. ಆಮೇಲೆ ಅವರು ಗುಂಪುಗುಂಪಾಗಿ ಸಾಮೂಹಿಕ ಘಟಕಗಳನ್ನು ನಡೆಸಿ, ಸರ್ಕಾರದ ಬಡ್ಡಿರಹಿತ ಸಾಲವನ್ನೂ ಪಡೆದು, ಹನಿ ನೀರೂ ಹೊರಹೋಗದ ಪದ್ಧತಿಗೆ ಬಂದರು. ನೀರಿನೊಂದಿಗೆ ಬಣ್ಣಕ್ಕೆ ಬೇಕಾದ ಉಪ್ಪೂ ಮರಳಿ ಸಿಗುತ್ತದೆ. ಬಳ್ಳಾರಿಗೆ ಬೇಕಾದುದೂ ಇಂಥ ಎರಡು ಹಂತ: ಬಣ್ಣ, ಕಲ್ಲುಪುಡಿ ಇಳಿಸುವುದು, ತೊಳೆತದ ನೀರು ತಿರುಗಿಸುವುದು ಯೂನಿಟ್ಟಿನ ಒಳಗೆ, ಉಪ್ಪು ತೆಗೆಯುವುದು ಸಾಮೂಹಿಕ ಘಟಕದಲ್ಲಿ. ಆದರೆ ಸಾಮೂಹಿಕ ಘಟಕ ಶುದ್ಧ ನೀರನ್ನು ಪೈಪಿನಲ್ಲಿ ಯೂನಿಟ್ಟುಗಳಿಗೇ ಹಿಂದಿರುಗಿಸಬೇಕು. ಹಳ್ಳಕ್ಕೆ ಬಿಡುವ ಘಟಕ ಕಟ್ಟಿದರೆ ರಾತ್ರಿ ಮೋಟರು ಆಫ್ ಮಾಡುವವರು ಬದಲಾಗುತ್ತಾರೆ, ಅಷ್ಟೇ.

ಕಾಲುವೆ ಪಕ್ಕದಲ್ಲಿದ್ದು ನೀರಿಗೇನು ಬರ ಎನ್ನುವವರು ತುಂಗಭದ್ರಾ ಅಣೆಕಟ್ಟೆಯ ಕಡೆ ನೋಡಬೇಕು. 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ ಹಿಡಿಯುವುದು ಸುಮಾರು 105. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕಿತ್ತುಹೋದಾಗ ಎರಡನೇ ಬೆಳೆಯ ಚಿಂತೆ ಇಡೀ ಅಚ್ಚುಕಟ್ಟಿಗೆ ಹರಡಿತ್ತು. ಹಾಗಿದ್ದೂ ಬೋರ್‌ವೆಲ್ ನೀರಿಗೆ ಮಿಲ್ಲು ಕೊಡುವ ಬೆಲೆ ಬಹುಮಟ್ಟಿಗೆ ಪಂಪಿನ ಕರೆಂಟಿನದು ಮಾತ್ರ, ಮರುಬಳಕೆ ದುಬಾರಿಯಾಗಿ ಕಾಣುವುದು ಅದಕ್ಕೇ. ಪರವಾನಗಿ ನವೀಕರಿಸುವಾಗ ಮಂಡಳಿ ಹೊರಹೋಗುವ ನೀರಿನ ಮಾದರಿಯೊಂದನ್ನೇ ಕೇಳುವ ಬದಲು ಒಳಬರುವ ಹೊಸ ನೀರಿನ ಮೀಟರು, ಒಳಗೇ ತಿರುಗುವ ನೀರಿನ ಮೀಟರು, ಎರಡನ್ನೂ ಕೇಳಲಿ. ಕ್ವಿಂಟಲ್ ಅಕ್ಕಿಗೆ, ಪ್ರತಿ ಪ್ಯಾಂಟಿಗೆ ಎಷ್ಟು ಹೊಸ ನೀರು ಎಂಬುದಕ್ಕೆ ಮಿತಿ ಹಾಕಿ ವರ್ಷವರ್ಷವೂ ಇಳಿಸುತ್ತ ಹೋಗಲಿ. ಪ್ರಯೋಗಾಲಯಕ್ಕೆ ಹೋಗುವ ಬಾಟಲಿಯಲ್ಲಿ ಮೋಸಕ್ಕೆ ಸಿಗುವಷ್ಟು ಜಾಗ ಎರಡು ಮೀಟರುಗಳ ನಡುವೆ ಸಿಗುವುದಿಲ್ಲ.